ಚರ್ಮ ಮರಗಟ್ಟಿಸುವ ಕ್ರೀಮ್: ಕೊಕೇನ್ ಹನಿಯಿಂದ ಲೇಸರ್ ಕೋಣೆಯವರೆಗೆ

1884ರ ಸೆಪ್ಟೆಂಬರ್‌ನಲ್ಲಿ ಜರ್ಮನಿಯ ಹೈಡಲ್‌ಬರ್ಗ್‌ನಲ್ಲಿ ಕಣ್ಣಿನ ವೈದ್ಯರ ಸಮ್ಮೇಳನ ನಡೆಯಿತು. ವಿಯೆನ್ನಾದ ತರುಣ ವೈದ್ಯ ಕಾರ್ಲ್ ಕೊಲ್ಲರ್ ಅಲ್ಲಿಗೊಂದು ಚಿಕ್ಕ ಪ್ರಬಂಧ ಕಳಿಸಿದ್ದರು. ಪ್ರಯಾಣಕ್ಕೆ ಅವರ ಕೈಯಲ್ಲಿ ಕಾಸಿರಲಿಲ್ಲವಾದ್ದರಿಂದ ಅದನ್ನು ಓದಿದ್ದು ಬೇರೊಬ್ಬ ವೈದ್ಯರು. ಕೊಕೇನ್ ದ್ರಾವಣದ ಕೆಲವು ಹನಿ ಬಿಟ್ಟರೆ ಕಣ್ಣು ನೋವು ಅರಿಯುವುದಿಲ್ಲ, ರೋಗಿ ಎಚ್ಚರವಿರುವಾಗಲೇ ಶಸ್ತ್ರಚಿಕಿತ್ಸೆ ಮಾಡಬಹುದು ಎಂಬುದು ಅದರ ಸಾರ. ಸ್ಥಳೀಯ ಅರಿವಳಿಕೆಯ ಕಾಲ ಅಲ್ಲಿಂದ ಶುರುವಾಯಿತು. ಕಣ್ಣಿನ ನಂತರ ಮೂಗು, ಗಂಟಲು ಎಲ್ಲವೂ ಆ ಹನಿಗೆ ಮಣಿದವು. ಮಣಿಯದೆ ಉಳಿದದ್ದು ಚರ್ಮ. ಅದೇ ದ್ರಾವಣವನ್ನು ಮುಂಗೈಗೆ ಎಷ್ಟು ಸವರಿದರೂ ಸೂಜಿ ಚುಚ್ಚಿದರೆ ನೋಯುತ್ತಿತ್ತು.

ಕಾರಣ, ಚರ್ಮದ ಹೊರಮೈಯಲ್ಲಿರುವ ಸತ್ತ ಕೋಶಗಳ ಪದರ. ಅಂಗೈ, ಅಂಗಾಲು ಬಿಟ್ಟರೆ ಮೈಯ ಬಹುಭಾಗದಲ್ಲಿ ಅದರ ದಪ್ಪ ಸುಮಾರು 10ರಿಂದ 20 ಮೈಕ್ರಾನ್ ಮಾತ್ರ. ಆದರೂ ಕೋಶಗಳ ನಡುವೆ ಕೊಬ್ಬು ತುಂಬಿಕೊಂಡಿರುವುದರಿಂದ ನೀರಿನಲ್ಲಿ ಕರಗುವ ಔಷಧ ಸುಲಭವಾಗಿ ಒಳಗಿಳಿಯದು. ನೋವು ಒಯ್ಯುವ ನರದ ತುದಿಗಳಿರುವುದು ಅದರ ಕೆಳಗೆ. ಅರಿವಳಿಕೆ ಔಷಧ ಅಲ್ಲಿಗೆ ತಲುಪಿ, ನರದೊಳಕ್ಕೆ ಸೋಡಿಯಂ ನುಗ್ಗುವ ದಾರಿ ಮುಚ್ಚಿದರೆ ಮಾತ್ರ ನೋವಿನ ಸುದ್ದಿ ಮಿದುಳಿಗೆ ಹೋಗದು. ಈ ಕ್ಷೇತ್ರದ ನಂತರದ ಚರಿತ್ರೆಯೆಲ್ಲ ಈ ತೆಳುಪದರವನ್ನು ದಾಟುವ ಪ್ರಯತ್ನದ ಚರಿತ್ರೆ. ದಾಟಿದ ಔಷಧ ನರದ ಬಳಿಯೇ ನಿಲ್ಲುವುದಿಲ್ಲ, ರಕ್ತಕ್ಕೂ ಸೇರುತ್ತದೆ ಎಂಬುದು ಅದರ ಜೊತೆಗೇ ಬಂದ ಅಪಾಯ.

ನಡುವಿನ ಆರು ದಶಕಗಳನ್ನು ಬೇಗ ದಾಟಬಹುದು. ಕೊಕೇನ್‌ನ ಚಟ ಮತ್ತು ವಿಷ ಕಂಡ ರಸಾಯನಜ್ಞರು ಬದಲಿ ಹುಡುಕಿದರು. ಬೆಂಜೊಕೇನ್ ಬಂತು, ಅದರ ಬೆನ್ನಿಗೆ ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಆಲ್ಫ್ರೆಡ್ ಐನ್‌ಹಾರ್ನ್ ಅವರ ಪ್ರೊಕೇನ್ ಬಂತು. ಪ್ರೊಕೇನ್ ಸೂಜಿಗೆ ಒಗ್ಗಿತು, ಮುಲಾಮಿಗೆ ಒಗ್ಗಲಿಲ್ಲ. ದೊಡ್ಡ ತಿರುವು ಸಿಕ್ಕಿದ್ದು ಸ್ವೀಡನ್‌ನಲ್ಲಿ. ಬಾರ್ಲಿ ಗಿಡದ ಒಂದು ರಾಸಾಯನಿಕದ ಬೆನ್ನುಹತ್ತಿದ್ದ ಹೋಲ್ಗರ್ ಎರ್ಟ್‌ಮನ್, ಅದಕ್ಕೆ ಹತ್ತಿರದ ಸಂಯುಕ್ತವೊಂದನ್ನು ರುಚಿ ನೋಡಿದಾಗ ನಾಲಿಗೆ ಜೋಮುಗಟ್ಟಿತು. ಆ ಎಳೆ ಹಿಡಿದ ನಿಲ್ಸ್ ಲೋಫ್‌ಗ್ರೆನ್ 1943ರಲ್ಲಿ ಲಿಡೋಕೇನ್ ತಯಾರಿಸಿದರು. ಅವರ ಜೊತೆಗಾರ ಬೆಂಗ್ಟ್ ಲುಂಡ್‌ಕ್ವಿಸ್ಟ್ ಅದನ್ನು ತಮ್ಮ ಮೈಮೇಲೆಯೇ ಪರೀಕ್ಷಿಸಿಕೊಂಡರು. 1948ರಲ್ಲಿ ಅಸ್ಟ್ರಾ ಕಂಪನಿ ಅದನ್ನು ಝೈಲೋಕೇನ್ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ನಮ್ಮ ಔಷಧದಂಗಡಿಗಳಲ್ಲಿ ಲಿಗ್ನೊಕೇನ್ ಎಂದು ಸಿಗುವುದೂ ಇದೇ.

ಆದರೆ ಲಿಡೋಕೇನ್ ಹರಳಿನ ರೂಪದ ಘನವಸ್ತು. ಎಣ್ಣೆಯಲ್ಲಿ ಕರಗಿಸಿ ಕ್ರೀಮ್ ಮಾಡಿದರೆ ಅದರ ಎಣ್ಣೆಹನಿಯೊಳಗೆ ಹಿಡಿಯುವ ಔಷಧ ಕಡಿಮೆ. ಸ್ವೀಡಿಷ್ ವಿಜ್ಞಾನಿಗಳು ಕಂಡುಕೊಂಡ ಉಪಾಯ ನನ್ನ ಮಟ್ಟಿಗೆ ಈ ಇಡೀ ಕಥೆಯ ಅತ್ಯಂತ ಸೊಗಸಾದ ಭಾಗ. ಲಿಡೋಕೇನ್ ಕರಗುವುದು ಸುಮಾರು 68 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅದರ ಸೋದರ ಔಷಧ ಪ್ರಿಲೋಕೇನ್ ಸುಮಾರು 38ರಲ್ಲಿ. ಎರಡನ್ನೂ ಸಮವಾಗಿ ಬೆರೆಸಿದರೆ ಮಿಶ್ರಣ 18 ಡಿಗ್ರಿಯ ಆಸುಪಾಸಿನಲ್ಲೇ ಕರಗುತ್ತದೆ. ಕುಲ್ಫಿಯವರು ಮಂಜುಗಡ್ಡೆಗೆ ಉಪ್ಪು ಬೆರೆಸಿದಾಗ ಅದು ಸೊನ್ನೆ ಡಿಗ್ರಿಗಿಂತ ಕೆಳಗೂ ನೀರಾಗುವುದಿಲ್ಲವೇ, ಹಾಗೆ. ಎರಡು ಪುಡಿ ಸೇರಿ ಕೋಣೆಯ ಉಷ್ಣಾಂಶದಲ್ಲಿ ತಾನಾಗಿಯೇ ಎಣ್ಣೆ! ಬೇರೆ ಎಣ್ಣೆಯ ಹಂಗಿಲ್ಲದ್ದರಿಂದ ಕ್ರೀಮಿನ ಒಂದೊಂದು ಹನಿಯಲ್ಲೂ ಔಷಧ ದಟ್ಟವಾಗಿರುತ್ತದೆ. ಆದರೆ ಒಟ್ಟು ಕ್ರೀಮಿನಲ್ಲಿ ಎರಡರ ಪಾಲು ತಲಾ ಶೇ 2.5. ಎಮ್ಲಾ ಎಂಬ ಹೆಸರಿನ ಈ ಕ್ರೀಮ್ 1984ರಲ್ಲಿ ಸ್ವೀಡನ್‌ನಲ್ಲಿ, 1992ರ ಕೊನೆಗೆ ಅಮೆರಿಕದಲ್ಲಿ ಅನುಮತಿ ಪಡೆಯಿತು. ಭಾರತದಲ್ಲಿ ಪ್ರಿಲಾಕ್ಸ್ ಮೊದಲಾದ ಹೆಸರುಗಳಲ್ಲಿ ಸಿಗುವುದು ಇದೇ ಮಿಶ್ರಣ.

ಇದಕ್ಕೆ ಬೇಕಾದದ್ದು ಹೊತ್ತು. ದಪ್ಪಗೆ ಹಚ್ಚಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಒಂದು ಗಂಟೆ ಬಿಟ್ಟರೆ ಸುಮಾರು 3 ಮಿಲಿಮೀಟರ್ ಆಳ ಮರಗಟ್ಟುತ್ತದೆ, ಎರಡು ಗಂಟೆಗೆ 5 ಮಿಲಿಮೀಟರ್. ಒರೆಸಿ ತೆಗೆದ ಮೇಲೂ ಒಂದೆರಡು ಗಂಟೆ ಪರಿಣಾಮ ಉಳಿಯುತ್ತದೆ. ಹಚ್ಚಿದ ಜಾಗ ಬಿಳಿಚಿಕೊಳ್ಳುವುದು ಸಹಜ, ಅದು ರಕ್ತನಾಳಗಳು ಕುಗ್ಗಿದ ಗುರುತು. ಇಪ್ಪತ್ತು ನಿಮಿಷಕ್ಕೆ ಒರೆಸಿ ಚಿಕಿತ್ಸೆ ಶುರುಮಾಡಿ, ನೋವಾದರೆ ‘ಈ ಕ್ರೀಮ್ ಸ್ಟ್ರಾಂಗ್ ಇಲ್ಲ’ ಎನ್ನುವುದು ಔಷಧದ ಮೇಲೆ ಹೊರಿಸುವ ಸುಳ್ಳು ಆರೋಪ. ಹೆಚ್ಚು ಶೇಕಡಾದ ಕ್ರೀಮ್ ಬೇಕೆಂಬ ಆಸೆ ಬಹುತೇಕ ಹುಟ್ಟುವುದು ಈ ಅವಸರದಿಂದಲೇ.

ಎಮ್ಲಾ ಹೆಸರು ಮಾಡಿದ್ದು ಮಕ್ಕಳ ವಾರ್ಡಿನಲ್ಲಿ, ಸೂಜಿ ಚುಚ್ಚುವ ಮುನ್ನ ಮುಂಗೈಯ ಮೇಲಿನ ನಾಣ್ಯದಗಲದ ಜಾಗದಲ್ಲಿ. ಆ ಹೊತ್ತಿಗೆ ಇನ್ನೊಂದು ಕಡೆ ಚರ್ಮದ ಲೇಸರ್‌ಗಳು ಬೆಳೆಯುತ್ತಿದ್ದವು. ಸುತ್ತಲಿನ ಚರ್ಮ ಸುಡದೆ ಬೇಕಾದ ಗುರಿಯನ್ನಷ್ಟೇ ಬೆಳಕಿನಿಂದ ಕಾಯಿಸುವ ತತ್ವವನ್ನು 1983ರಲ್ಲಿ ಅಮೆರಿಕದ ಆಂಡರ್ಸನ್ ಮತ್ತು ಪ್ಯಾರಿಶ್ ಮಂಡಿಸಿದ್ದರು. ಮೊದಲು ಹುಟ್ಟುಮಚ್ಚೆ, ಆಮೇಲೆ ಹಚ್ಚೆ, 1990ರ ದಶಕದ ನಡುವಿನಿಂದ ಕೂದಲು ತೆಗೆಯುವ ಲೇಸರ್. ನಾಣ್ಯದಗಲದ ಜಾಗಕ್ಕೆ ಹುಟ್ಟಿದ ಕ್ರೀಮ್ ಬೆನ್ನಿಗೆ, ಇಡೀ ಕಾಲಿಗೆ ಹೊರಟಿತು. ಕಾಯಲು ಮನಸ್ಸಿಲ್ಲದ ಗಿರಾಕಿಗಳಿಗಾಗಿ ಹೊಸ ರೂಪಗಳೂ ಬಂದವು: ಕೊಬ್ಬಿನ ಸೂಕ್ಷ್ಮ ಗುಳ್ಳೆಗಳಲ್ಲಿ ಶೇ 4 ಲಿಡೋಕೇನ್ ತುಂಬಿ, ಮುಚ್ಚದೆಯೇ ಅರ್ಧ ಗಂಟೆಯಲ್ಲಿ ಕೆಲಸ ಮಾಡುವ ಕ್ರೀಮ್, ಬ್ರಿಟನ್‌ನಲ್ಲಿ ಟೆಟ್ರಾಕೇನ್ ಜೆಲ್, ಒಣಗಿ ಹಾಳೆಯಂತೆ ಸುಲಿದು ಬರುವ, ಲಿಡೋಕೇನ್ ಮತ್ತು ಟೆಟ್ರಾಕೇನ್ ತಲಾ ಶೇ 7 ಇರುವ ಕ್ರೀಮ್. ಇವೆಲ್ಲ ಪರೀಕ್ಷೆಗೊಳಪಟ್ಟು, ಮಿತಿ ಬರೆದ ಚೀಟಿಯೊಂದಿಗೆ ಬಂದವು.

ಚೀಟಿಯಿಲ್ಲದೆ ಬಂದವೂ ಇದ್ದವು. ಅಮೆರಿಕದ ಕೆಲವು ಔಷಧದಂಗಡಿಗಳು ತಾವೇ ಬೆರೆಸಿದ ಗಟ್ಟಿ ಮಿಶ್ರಣಗಳನ್ನು ಲೇಸರ್ ಕೇಂದ್ರಗಳಿಗೆ ಕೊಡುತ್ತಿದ್ದವು. ಕೂದಲು ತೆಗೆಸಿಕೊಳ್ಳಲು ಹೊರಟಿದ್ದ 22 ಮತ್ತು 25 ವರ್ಷದ ಇಬ್ಬರು ಹೆಣ್ಣುಮಕ್ಕಳು ಅಂಥ ಕ್ರೀಮನ್ನು ಕಾಲಿಗೆಲ್ಲ ಹಚ್ಚಿ ಪ್ಲಾಸ್ಟಿಕ್ ಸುತ್ತಿಕೊಂಡರು. ಒಬ್ಬರ ಕ್ರೀಮಿನಲ್ಲಿ ಲಿಡೋಕೇನ್, ಟೆಟ್ರಾಕೇನ್ ತಲಾ ಶೇ 10, ಇನ್ನೊಬ್ಬರದರಲ್ಲಿ ತಲಾ ಶೇ 6. ಇಬ್ಬರಿಗೂ ಫಿಟ್ಸ್ ಬಂತು, ಪ್ರಜ್ಞೆ ತಪ್ಪಿತು, ಇಬ್ಬರೂ ತೀರಿಕೊಂಡರು. 2007ರ ಫೆಬ್ರವರಿಯಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ದೇಶಕ್ಕೆಲ್ಲ ಎಚ್ಚರಿಕೆ ಹೊರಡಿಸಿತು. ಎಳೆಯ ಜೀವಗಳು ಕಾಲಿನ ಕೂದಲಿಗಾಗಿ ಹೋದವು ಎಂಬುದನ್ನು ಈ ಕ್ರೀಮ್ ಬಗ್ಗೆ ಬರೆಯುವ ಯಾರೂ ಬಿಟ್ಟು ಬರೆಯಬಾರದು.

ಲೆಕ್ಕ ಹಾಕಿದರೆ ಅಪಾಯ ಕಣ್ಣಿಗೆ ಕಾಣುತ್ತದೆ. ಬೋಳಿಸಿದ ದೊಡ್ಡ ಜಾಗಕ್ಕೆ ಎಮ್ಲಾ ಹಚ್ಚುವ ವಯಸ್ಕರಿಗೆ ಯೂರೋಪಿನ ಚೀಟಿ ಕೊಡುವ ಮಿತಿ 60 ಗ್ರಾಂ ಮತ್ತು 600 ಚದರ ಸೆಂಟಿಮೀಟರ್. ಬೆರಳು ಸೇರಿಸಿದ ನಿಮ್ಮ ಅಂಗೈಯ ನಾಲ್ಕರಷ್ಟು ಎನ್ನಿ. ವಯಸ್ಕರ ಎರಡು ಕಾಲುಗಳ ಮೇಲ್ಮೈ ಹತ್ತಿರಹತ್ತಿರ 6000 ಚದರ ಸೆಂಟಿಮೀಟರ್, ಮಿತಿಯ ಹತ್ತರಷ್ಟು. ಬೋಳಿಸಿದಾಗ ತರಚಿದ ಚರ್ಮ, ಬಿಸಿ, ಬಿಗಿ ಸುತ್ತು ಸೇರಿದರೆ ಔಷಧ ಇನ್ನೂ ವೇಗವಾಗಿ ರಕ್ತಕ್ಕಿಳಿಯುತ್ತದೆ. ಇಸುಬು ಇರುವ ಚರ್ಮದಲ್ಲೂ ಹಾಗೆಯೇ, ಅಲ್ಲಿ ಒಂದು ಗಂಟೆಯ ಬದಲು ಅರ್ಧ ಗಂಟೆ ಸಾಕು. ಹಾಗಾಗಿ ಕ್ರೀಮ್ ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ ಎಷ್ಟು ಅಗಲಕ್ಕೆ ಎಂಬುದು. ಎಷ್ಟು ಹೊತ್ತು, ಮುಚ್ಚಬೇಕೋ ಬೇಡವೋ, ಚರ್ಮ ಹೇಗಿದೆ ಎಂಬುದು ಆಮೇಲೆ. ಶೇಕಡಾದ ಮಾತು ಕೊನೆಗೆ. ತುಟಿಯ ಸುತ್ತ ಜುಮ್ಮೆನ್ನುವುದು, ಬಾಯಲ್ಲಿ ಲೋಹದ ರುಚಿ, ಕಿವಿಯಲ್ಲಿ ಗುಂಯ್‌ಗುಟ್ಟುವಿಕೆ, ತಲೆಸುತ್ತು ಕಂಡರೆ ತಕ್ಷಣ ಒರೆಸಿ ಆಸ್ಪತ್ರೆಗೆ ಹೋಗಬೇಕು.

ಭಾರತದ ಮಟ್ಟಿಗೆ ಹೇಳಲೇಬೇಕಾದ ಮಾತೊಂದಿದೆ. ಪ್ರಿಲೋಕೇನ್ ರಕ್ತದಲ್ಲಿನ ಹಿಮೊಗ್ಲೋಬಿನ್‌ನ ಆಮ್ಲಜನಕ ಒಯ್ಯುವ ಶಕ್ತಿಯನ್ನು ಕುಂದಿಸಬಲ್ಲದು. ಆಗ ತುಟಿ, ಉಗುರು ನೀಲಿಗಟ್ಟುತ್ತವೆ. ಕುಷ್ಠ ಮತ್ತಿತರ ಚರ್ಮರೋಗಗಳಿಗೆ ಇಲ್ಲಿ ಕೊಡುವ ಡ್ಯಾಪ್ಸೋನ್ ಮಾತ್ರೆಯೂ ಅದನ್ನೇ ಮಾಡುತ್ತದೆ. ಡ್ಯಾಪ್ಸೋನ್ ನುಂಗುತ್ತಿರುವವರು, ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರು, ಎಳೆ ಕೂಸುಗಳು ಪ್ರಿಲೋಕೇನ್ ಇರುವ ಕ್ರೀಮಿನಿಂದ ದೂರವಿರುವುದು ಅಥವಾ ವೈದ್ಯರ ಕಣ್ಣೆದುರು ಮಾತ್ರ ಬಳಸುವುದು ಕ್ಷೇಮ. ಕಣ್ಣಿನ ಹತ್ತಿರ ಯಾರೂ ಹಚ್ಚಬಾರದು, ಇದರ ಕ್ಷಾರಗುಣ ಕಣ್ಣಿನ ಪಾರದರ್ಶಕ ಪಟಲವನ್ನು ಸುಡುತ್ತದೆ. ಚರ್ಮದಲ್ಲಿ ಸಣ್ಣ ರಂಧ್ರ ಮಾಡುವ ಸೂಜಿ ರೋಲರ್ ಹಾಯಿಸುವುದಿದ್ದರೆ ಮೊದಲು ಹಚ್ಚಿ, ಪೂರ್ತಿ ತೊಳೆದು ಆಮೇಲೆ ರೋಲರ್. ಚುಚ್ಚಿದ ರಂಧ್ರಗಳ ಮೇಲೆ ಮತ್ತೆ ಹಚ್ಚುವುದೆಂದರೆ ಔಷಧಕ್ಕೆ ನೇರ ದಾರಿ ಬಿಟ್ಟುಕೊಟ್ಟಂತೆ. ಸೌಂದರ್ಯ ಚಿಕಿತ್ಸೆಯಲ್ಲಿ ಸ್ಥಳೀಯ ಅರಿವಳಿಕೆ ಬಳಸುವ ಕ್ರಮದ ಬಗ್ಗೆ ಬೆಂಗಳೂರಿನ ಚರ್ಮವೈದ್ಯ ವೆಂಕಟರಾಮ್ ಮೈಸೂರು ಮತ್ತು ಕೆ.ಸಿ. ನಿಶ್ಚಲ್ 2009ರಲ್ಲೇ ಭಾರತೀಯ ಚರ್ಮವೈದ್ಯರ ಪತ್ರಿಕೆಯಲ್ಲಿ ಮಾರ್ಗಸೂಚಿ ಪ್ರಕಟಿಸಿದ್ದಾರೆ. ಬ್ಯೂಟಿ ಪಾರ್ಲರ್‌ಗಳಲ್ಲಿ ಲೇಸರ್ ಇಟ್ಟುಕೊಂಡಿರುವವರಿಗೂ ಅದು ತಲುಪಬೇಕು.

ಆನ್‌ಲೈನ್ ಮಾರಾಟ ಹಳೆಯ ಅಪಾಯವನ್ನು ಹೊಸದಾಗಿ ಮನೆಗೇ ತಂದಿದೆ. 2024ರ ಮಾರ್ಚ್‌ನಲ್ಲಿ ಎಫ್‌ಡಿಎ, ವೈದ್ಯರ ಚೀಟಿಯಿಲ್ಲದೆ ಮಾರುವ ಕ್ರೀಮಿನಲ್ಲಿ ಶೇ 4ಕ್ಕಿಂತ ಹೆಚ್ಚು ಲಿಡೋಕೇನ್ ಇದ್ದರೆ ಕೊಳ್ಳಬೇಡಿ, ಹಚ್ಚಿ ಪ್ಲಾಸ್ಟಿಕ್ ಸುತ್ತಬೇಡಿ ಎಂದು ಮತ್ತೆ ಹೇಳಬೇಕಾಯಿತು. ಹಚ್ಚೆ ಹಾಕಿಸಿಕೊಳ್ಳುವವರು, ಲೇಸರ್‌ನಿಂದ ಕೂದಲು ತೆಗೆಸುವವರಿಗೆಂದೇ ಇಂಥ ಕ್ರೀಮ್ ಮಾರುತ್ತಿದ್ದ ಕಂಪನಿಗಳಿಗೆ ನೋಟಿಸು ಹೋಯಿತು.

ಅನುಭವಿ ಚರ್ಮವೈದ್ಯರು ನೋವನ್ನು ಪೂರ್ತಿ ಅಳಿಸಲು ಹೋಗುವುದಿಲ್ಲ. ನಮ್ಮಂಥ ಕಂದು ಚರ್ಮದಲ್ಲಿ ಮೆಲನಿನ್ ಹೆಚ್ಚು, ಅದು ಲೇಸರ್ ಬೆಳಕನ್ನು ಹೀರಿ ಸುಡುವ ಸಂಭವವೂ ಹೆಚ್ಚು; ‘ತುಂಬಾ ಉರಿಯುತ್ತಿದೆ ಡಾಕ್ಟ್ರೇ’ ಎಂಬ ಕೂಗು ಯಂತ್ರದ ಶಕ್ತಿ ತಗ್ಗಿಸಲು ಸಿಗುವ ಮೊದಲ ಸೂಚನೆ. ಆದ್ದರಿಂದ ಕೈಕಾಲು, ಬೆನ್ನಿನಂಥ ವಿಶಾಲ ಜಾಗಕ್ಕೆ ತಣ್ಣನೆಯ ಗಾಳಿ ಊದುವ ಯಂತ್ರ, ಚರ್ಮಕ್ಕೆ ತಾಗುವ ತಂಪು ತುದಿಯ ಲೇಸರ್ ಬಳಸಿ, ಕ್ರೀಮನ್ನು ಮೇಲ್ತುಟಿ, ಕಂಕುಳಂಥ ಚಿಕ್ಕ ಜಾಗಗಳಿಗೆ ಮೀಸಲಿಡುವ ಕ್ಲಿನಿಕ್‌ಗಳಿವೆ. ಅಲ್ಲಿ ಕ್ರೀಮ್ ಹಚ್ಚುವುದು ನರ್ಸ್, ಗಡಿಯಾರ ನೋಡಿ, ಅಳತೆ ಬರೆದಿಟ್ಟು.