ಬಾಸ್ಟನ್ನಿನ ಐಸು, ತ್ರಿಪ್ಲಿಕೇನಿನ ಲೋಟ

ಚೆನ್ನೈಯಲ್ಲಿ ಆಟೋ ಹತ್ತಿ ‘ಐಸ್ ಹೌಸ್’ ಎಂದರೆ ಸಾಕು, ಚಾಲಕ ಮರುಪ್ರಶ್ನೆ ಕೇಳದೆ ತ್ರಿಪ್ಲಿಕೇನಿನ ಕಡೆ ತಿರುಗಿಸುತ್ತಾನೆ. ಅಲ್ಲಿ ಐಸ್ ಹೌಸ್ ಹೆಸರಿನ ಪೊಲೀಸ್ ಠಾಣೆಯಿದೆ, ಬಸ್ ನಿಲ್ದಾಣವಿದೆ. ಐಸ್ ಮಾತ್ರ ಇಲ್ಲ. ಮರೀನಾ ಬೀಚಿಗೆ ಮುಖಮಾಡಿ ನಿಂತ ಆ ದುಂಡನೆಯ ಕಟ್ಟಡಕ್ಕೆ ಈಗ ವಿವೇಕಾನಂದರ್ ಇಲ್ಲಂ ಎಂದು ಹೆಸರು. ಒಳಗೆ ಸ್ವಾಮೀಜಿಯವರ ಚಿತ್ರಗಳು, ಶಾಲಾ ಮಕ್ಕಳ ಸಾಲು. ಅಮೆರಿಕದ ಕೆರೆಗಳಲ್ಲಿ ಕತ್ತರಿಸಿ ತಂದ ಮಂಜುಗಡ್ಡೆಯನ್ನು ಬೇಸಿಗೆ ಪೂರ್ತಿ ಕಾಪಾಡಲೆಂದು 1842ರಲ್ಲಿ ಕಟ್ಟಿದ ಉಗ್ರಾಣ ಇದು.

ವಿಸ್ಕಿಗೆ ಐಸ್ ಹಾಕಬೇಕೇ, ನೀರು ಬೆರೆಸಬೇಕೇ ಎಂಬ ಜಗಳವನ್ನು ಈ ಕಟ್ಟಡದಿಂದ ಶುರುಮಾಡುವುದು ಒಳ್ಳೆಯದು. ನಮ್ಮ ಕೂಟಗಳಲ್ಲಿ ಈ ಜಗಳ ಹೇಗೆ ನಡೆಯುತ್ತದೆಂದು ಎಲ್ಲರಿಗೂ ಗೊತ್ತು. ಒಬ್ಬ ಸೋಡಾ ಸುರಿಯುತ್ತಾನೆ. ಇನ್ನೊಬ್ಬ, ಇತ್ತೀಚೆಗೆ ನಾಲ್ಕು ವಿಡಿಯೋ ನೋಡಿದವನು, ‘ಅಯ್ಯೋ, ಕೊಂದುಬಿಟ್ಟೆಯಲ್ಲ’ ಎಂದು ಹಣೆ ಚಚ್ಚಿಕೊಳ್ಳುತ್ತಾನೆ. ಸೋಡಾದವನು ತಪ್ಪು ಮಾಡಿದವನಂತೆ ನಗುತ್ತಾನೆ. ತಪ್ಪು ಯಾರದು ಎಂಬುದಕ್ಕೆ ಸ್ವಲ್ಪ ಇತಿಹಾಸ ಬೇಕು, ಸ್ವಲ್ಪ ಲೆಕ್ಕವೂ ಬೇಕು.

ಮೊದಲು ಮಾತಿನ ಕಡೆಯಿಂದ ಬರೋಣ. ವಿಸ್ಕಿ ಎಂಬ ಪದದ ಮೂಲ ಗೇಲಿಕ್ ಭಾಷೆಯ ‘ಉಷ್ಕೆ ಬೆಹ’, ಅಂದರೆ ಜೀವಜಲ. ಅದರ ಮೊದಲರ್ಧ, ‘ನೀರು’ ಎಂಬ ಭಾಗವೇ ಸವೆದು ಸವೆದು ವಿಸ್ಕಿಯಾಯಿತು. ನಮ್ಮ ಅಬಕಾರಿ ಇಲಾಖೆಯ ‘ಅಬಕಾರಿ’ಯಲ್ಲೂ ಕೂತಿರುವುದು ಪಾರಸಿಯ ‘ಆಬ್’, ನೀರು. ಐಸ್ ಬರುವ ಮುಂಚೆ ದೊಡ್ಡ ಮನೆಗಳಲ್ಲಿ ಪಾನೀಯ ತಂಪು ಮಾಡುವುದಕ್ಕೆಂದೇ ಇದ್ದ ಆಳಿಗೆ ‘ಆಬ್ದಾರ’ ಎನ್ನುತ್ತಿದ್ದರು. ಅಲ್ಲೂ ಅದೇ ನೀರು. ತಿರುವಲ್ಲಿಕ್ಕೇಣಿ ಎಂಬ ಊರಿನ ಹೆಸರೂ ನೈದಿಲೆಯ ಕೊಳದ್ದು. ಆಂಗ್ಲರ ನಾಲಿಗೆಯಲ್ಲಿ ಅದು ತ್ರಿಪ್ಲಿಕೇನ್ ಆಗಿ ಒಣಗಿತು.

ಆಬ್ದಾರನ ಕೈಯಲ್ಲಿದ್ದ ಉಪಾಯ ಪೆಟ್ಲುಪ್ಪು. ಪೆಟ್ಲುಪ್ಪು ನೀರಿನಲ್ಲಿ ಕರಗುವಾಗ ಸುತ್ತಲಿನ ಶಾಖವನ್ನು ಹೀರುತ್ತದೆ. ಆ ನೀರಿನಲ್ಲಿ ಬಾಟಲಿಯನ್ನು ತಿರುಗಿಸುತ್ತಾ ಕೂತರೆ ಒಳಗಿನದು ತಣ್ಣಗಾಗುತ್ತದೆ. ಅಕ್ಬರನ ಆಸ್ಥಾನದ ವಿವರ ಬರೆದ ಅಬುಲ್ ಫಜಲ್ ‘ಐನ್-ಇ-ಅಕ್ಬರಿ’ಯಲ್ಲಿ ಇದನ್ನು ದಾಖಲಿಸಿದ್ದಾನೆ. ಉತ್ತರ ಭಾರತದಲ್ಲಿ ಇನ್ನೊಂದು ದಾರಿಯೂ ಇತ್ತು. ಚಳಿಗಾಲದ ರಾತ್ರಿ ಒಣಹುಲ್ಲಿನ ಮೇಲೆ ಅಗಲ ಮಣ್ಣಿನ ತಟ್ಟೆಗಳಲ್ಲಿ ನೀರಿಟ್ಟರೆ ಬೆಳಗಿನ ಹೊತ್ತಿಗೆ ತೆಳ್ಳನೆಯ ಮಂಜುಪದರ ಕಟ್ಟುತ್ತಿತ್ತು. ಮದರಾಸಿನಲ್ಲಿ ಆ ಆಟ ನಡೆಯುವಂತಿರಲಿಲ್ಲ. ಇಲ್ಲಿನ ಮಾಗಿಯ ರಾತ್ರಿಗೂ ಒಂದು ತೆಳು ಹೊದಿಕೆ ಸಾಕು.

ಆಗ ಬಂದವನು ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್. 1806ರಲ್ಲಿ ಕೆರಿಬಿಯನ್ನಿನ ಮಾರ್ಟಿನಿಕ್ ದ್ವೀಪಕ್ಕೆ ಮೊದಲ ಬಾರಿ ಮಂಜುಗಡ್ಡೆ ಹೇರಿಕೊಂಡು ಹೊರಟಾಗ ಊರೇ ನಕ್ಕಿತ್ತು. ಹಲವು ವರ್ಷ ನಷ್ಟ, ಸಾಲ, ಸಾಲಕ್ಕಾಗಿ ಸೆರೆಮನೆ. ಆಮೇಲೆ ಅವನ ಜೊತೆಗಾರ ನಥಾನಿಯಲ್ ವಯತ್ ಕುದುರೆ ಎಳೆಯುವ ಐಸ್-ನೇಗಿಲನ್ನು ರೂಪಿಸಿದ. ಹೆಪ್ಪುಗಟ್ಟಿದ ಕೆರೆಯನ್ನು ಹೊಲದಂತೆ ಗೆರೆ ಎಳೆದು ಒಂದೇ ಅಳತೆಯ ಚೌಕಗಳಾಗಿ ಕತ್ತರಿಸುವುದು ಸಾಧ್ಯವಾಯಿತು. ಒಂದೇ ಅಳತೆಯ ಚೌಕಗಳು ಹಡಗಿನಲ್ಲಿ ಸಂದಿಲ್ಲದೆ ಜೋಡಣೆಯಾಗುತ್ತವೆ, ಸಂದಿಲ್ಲದಿದ್ದರೆ ಗಾಳಿ ಆಡುವುದಿಲ್ಲ. ಸುತ್ತ ಮರದ ಹೊಟ್ಟು. 1833ರ ಮೇ ತಿಂಗಳಲ್ಲಿ ‘ಟಸ್ಕನಿ’ ಎಂಬ ಹಡಗು 180 ಟನ್ ಐಸ್ ಹೊತ್ತು ಬಾಸ್ಟನ್ ಬಿಟ್ಟಿತು. ಭೂಮಧ್ಯರೇಖೆಯನ್ನು ಎರಡು ಸಲ ದಾಟಿ, ನಾಲ್ಕು ತಿಂಗಳ ಮೇಲೆ ಕಲ್ಕತ್ತೆ ಮುಟ್ಟಿದಾಗ ಸುಮಾರು 100 ಟನ್ ಇನ್ನೂ ಗಟ್ಟಿಯಾಗಿಯೇ ಇತ್ತು. ಈ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ, ಲೋಟದ ಲೆಕ್ಕಕ್ಕೆ ಬೇಕಾಗುತ್ತದೆ.

ಕಲ್ಕತ್ತೆ, ಬೊಂಬಾಯಿ, ಮದರಾಸು, ಮೂರೂ ಕಡೆ ಐಸ್ ಹೌಸ್‌ಗಳು ಎದ್ದವು. ಇಂದು ಉಳಿದಿರುವುದು ಮದರಾಸಿನದೊಂದೇ. ಆಗಿನ ಮದರಾಸಿಗೆ ಬಂದರಿರಲಿಲ್ಲ. ಹಡಗುಗಳು ದೂರದಲ್ಲಿ ಲಂಗರು ಹಾಕುತ್ತಿದ್ದವು. ತೆಂಗಿನ ನಾರಿನ ಹಗ್ಗದಿಂದ ಹಲಗೆಗಳನ್ನು ಹೊಲಿದ ಮಸೂಲಾ ದೋಣಿಗಳು ಅಲೆಗಳನ್ನು ಸೀಳಿ ಸರಕನ್ನು ದಡಕ್ಕೆ ತರುತ್ತಿದ್ದವು. ಮ್ಯಾಸಚೂಸೆಟ್ಸಿನ ಕೆರೆಯೊಂದು ಹೊಲಿದ ದೋಣಿಯಲ್ಲಿ ಕೂತು ಮರೀನಾ ದಡಕ್ಕೆ ಬಂತು ಎಂದರೆ ಉತ್ಪ್ರೇಕ್ಷೆಯಲ್ಲ. ಥೋರೋ ವಾಸವಿದ್ದ ವಾಲ್ಡನ್ ಕೊಳದಲ್ಲೂ 1846-47ರ ಚಳಿಗಾಲದಲ್ಲಿ ಐಸ್ ಕತ್ತರಿಸಿದರು. ಮದರಾಸಿನವರು ತನ್ನ ಬಾವಿಯ ನೀರು ಕುಡಿಯುತ್ತಾರೆ ಎಂಬ ಖುಷಿಯನ್ನು ಅವನು ತನ್ನ ಪುಸ್ತಕದಲ್ಲಿ ಬರೆದುಕೊಂಡ. ಅದು ಯಾರ ಲೋಟಕ್ಕೆ ಬೀಳುತ್ತಿತ್ತು ಎಂಬ ಪ್ರಶ್ನೆ ಆ ಋಷಿಸದೃಶನಿಗೆ ಏಳಲಿಲ್ಲವೋ ಏನೋ. ದಡದಲ್ಲಿ ಅದನ್ನು ಹೊತ್ತವರ ಲೋಟಕ್ಕಂತೂ ಅಲ್ಲ.

ಬಿದ್ದಿದ್ದು ವಿಸ್ಕಿಗೂ ಅಲ್ಲ. ಜಗಳದಲ್ಲಿ ಎರಡೂ ಪಕ್ಷದವರು ಮರೆಯುವ ಸಂಗತಿ ಇದು. 1840ರ ದಶಕದ ಮದರಾಸಿನ ಸಾಹೇಬರು ಕುಡಿಯುತ್ತಿದ್ದದ್ದು ಕ್ಲಾರೆಟ್, ಮದೀರಾ, ಬಿಯರ್, ಎಲ್ಲಕ್ಕಿಂತ ಹೆಚ್ಚಾಗಿ ಬ್ರಾಂದಿ-ಪಾನಿ. ಅದೂ ನೀರು ಬೆರೆಸಿದ್ದೇ, ಹೆಸರಿನಲ್ಲೇ ಇದೆ. ಸೋಡಾಕ್ಕೆ ‘ವಿಲಾಯತಿ ಪಾನಿ’ ಎನ್ನುತ್ತಿದ್ದರೆಂದು 1886ರ ‘ಹಾಬ್ಸನ್-ಜಾಬ್ಸನ್’ ನಿಘಂಟು ಹೇಳುತ್ತದೆ. ‘ಪೆಗ್’ ಪದಕ್ಕೂ ಅಲ್ಲೊಂದು ಕರಾಳ ವಿವರಣೆಯಿದೆ: ಒಂದೊಂದು ಪೆಗ್ಗೂ ಶವಪೆಟ್ಟಿಗೆಗೆ ಹೊಡೆದ ಒಂದೊಂದು ಮೊಳೆ. ಅಂಥ ಹಾಸ್ಯದ ವ್ಯುತ್ಪತ್ತಿಗಳನ್ನು ಹೆಚ್ಚು ನಂಬಬಾರದು.

ವಿಸ್ಕಿ ಮೇಲೆ ಬಂದದ್ದು ಒಂದು ಹುಳುವಿನಿಂದ. 1860ರ ದಶಕದಿಂದ ಫಿಲಾಕ್ಸೆರಾ ಎಂಬ ಕೀಟ ಫ್ರಾನ್ಸಿನ ದ್ರಾಕ್ಷಿ ತೋಟಗಳನ್ನು ತಿಂದುಹಾಕಿತು, ಬ್ರಾಂದಿ ದುರ್ಲಭವಾಯಿತು. ಆ ಖಾಲಿ ಜಾಗಕ್ಕೆ ಸ್ಕಾಟ್ಲೆಂಡಿನ ಬ್ಲೆಂಡೆಡ್ ವಿಸ್ಕಿ ನುಗ್ಗಿತು. ಆದರೆ ಅಷ್ಟರಲ್ಲಿ ಬಾಸ್ಟನ್ನಿನ ಐಸಿನ ಕಾಲವೇ ಮುಗಿಯುತ್ತಾ ಬಂದಿತ್ತು. 1874ರಲ್ಲಿ ಮದರಾಸಿನಲ್ಲೇ ಇಂಟರ್‌ನ್ಯಾಷನಲ್ ಐಸ್ ಕಂಪನಿ ಯಂತ್ರದಿಂದ ಐಸ್ ಮಾಡತೊಡಗಿತು. ಮುಂದೆ ತ್ರಿಪ್ಲಿಕೇನಿನ ಉಗ್ರಾಣ ಮಾರಾಟವಾಯಿತು. ವಿಸ್ಕಿ ಬಂದಾಗ ಅದಕ್ಕೆ ಜೊತೆಯಾದದ್ದು ಸೋಡಾ. ಹೈರಂ ಕಾಡ್ 1872ರಲ್ಲಿ ಪೇಟೆಂಟ್ ಪಡೆದ, ಕತ್ತಿನಲ್ಲಿ ಗೋಲಿಯಿರುವ ಬಾಟಲಿ ನಮ್ಮ ಜಾತ್ರೆಗಳಲ್ಲಿ ಗೋಲಿ ಸೋಡಾ ಆಗಿ ಇನ್ನೂ ಬದುಕಿದೆ. ಅಂದರೆ ಸೋಡಾ ಸುರಿಯುವ ನಮ್ಮ ಮಾವಂದಿರು ಸಂಪ್ರದಾಯ ಕೆಡಿಸಿದವರಲ್ಲ, ಪಾಲಿಸಿದವರು. ‘ಏನೂ ಬೆರೆಸದೆ ಹೀರಬೇಕು’ ಎಂಬುದೇ ಈಚಿನ ಮಾತು, ಸಿಂಗಲ್ ಮಾಲ್ಟ್ ಫ್ಯಾಷನ್ ಆದ ಮೇಲಿನದು.

ಇನ್ನು ಲೆಕ್ಕ. 60 ಎಂ.ಎಲ್. ವಿಸ್ಕಿ, ಮದರಾಸಿನ ಮೇ ತಿಂಗಳ ಸಂಜೆ, ಕೋಣೆಯ ಉಷ್ಣತೆ 32 ಡಿಗ್ರಿ. ಅದನ್ನು 5 ಡಿಗ್ರಿಗೆ ಇಳಿಸಲು ಸುಮಾರು 18 ಗ್ರಾಂ ಐಸ್ ಕರಗಬೇಕು. ನಮ್ಮ ಬಹುಪಾಲು ವಿಸ್ಕಿಗಳ ಮದ್ಯಾಂಶ 42.8 ಪ್ರತಿಶತ, ಅಷ್ಟು ನೀರು ಸೇರಿದಾಗ ಅದು 33ರ ಆಸುಪಾಸಿಗೆ ಬರುತ್ತದೆ. ಅದೇ ಲೋಟ 18 ಡಿಗ್ರಿಯ ಎಡಿನ್‌ಬರೋ ಕೋಣೆಯಲ್ಲಿದ್ದರೆ ಕರಗಬೇಕಾದದ್ದು 9 ಗ್ರಾಂ ಮಾತ್ರ. ಒಂದೇ ಉಪದೇಶ ಎರಡು ಊರಿನಲ್ಲಿ ಎರಡು ಪಾನೀಯ ಮಾಡುತ್ತದೆ. ‘ಕೋಣೆಯ ಉಷ್ಣತೆಯಲ್ಲಿ ಕುಡಿಯಿರಿ’ ಎಂಬ ಸ್ಕಾಟ್ಲೆಂಡಿನ ಸಲಹೆಯೂ ಹಾಗೆಯೇ: ಅವರ ಕೋಣೆ ನಮ್ಮ ಫ್ರಿಜ್ಜಿನ ಹೊರಬಾಗಿಲಿನಷ್ಟು ದೂರವಿದೆ. 32 ಡಿಗ್ರಿಯಲ್ಲಿ ಮದ್ಯದ ಆವಿ ಮೊದಲು ಮೂಗಿಗೆ ಹೊಡೆಯುತ್ತದೆ, ಪರಿಮಳ ಆಮೇಲೆ.

ಹಾಗಾಗಿ ಸೆಕೆಯ ಊರಿನಲ್ಲಿ ತಂಪೂ ಬೇಕು, ನೀರಾಗಲೂಬಾರದು ಎನ್ನುವವರು ಟ್ಯೂಡರ್‌ನಿಂದ ಪಾಠ ಕಲಿಯಬಹುದು. 180 ಟನ್ನಿನಲ್ಲಿ 100 ಟನ್ ಉಳಿದದ್ದು ಅದು ದೊಡ್ಡ ಗಡ್ಡೆಯಾಗಿದ್ದರಿಂದ, ಅಂದರೆ ತೂಕಕ್ಕೆ ಹೋಲಿಸಿದರೆ ಹೊರಮೈ ಕಡಿಮೆ ಇದ್ದದ್ದರಿಂದ. ಲೋಟದಲ್ಲೂ ಅಷ್ಟೆ: ಪುಡಿ ಐಸ್ ಬೇಗ ತಂಪು ಮಾಡಿ ಬೇಗ ನೀರಾಗುತ್ತದೆ, ಒಂದೇ ದೊಡ್ಡ ತುಂಡು ನಿಧಾನಿಸುತ್ತದೆ. ಇನ್ನೂ ಸುಲಭದ ದಾರಿ, ಬಾಟಲಿಯನ್ನೂ ಲೋಟವನ್ನೂ ಅರ್ಧ ಗಂಟೆ ಮೊದಲೇ ಫ್ರಿಜ್ಜಿನಲ್ಲಿಡುವುದು. ಆಗ ಕರಗಬೇಕಾದ ಐಸ್ ಮೂರು ನಾಲ್ಕು ಗ್ರಾಮಿಗೆ ಇಳಿಯುವಷ್ಟು ತಣಿಯದಿದ್ದರೂ ಒಂದಷ್ಟು ಉಳಿತಾಯ. ಉಡುಗೊರೆ ಅಂಗಡಿಯ ‘ವಿಸ್ಕಿ ಕಲ್ಲು’ಗಳ ಮೇಲೆ ದುಡ್ಡು ಹಾಕುವುದು ಬೇಡ. ಐಸ್ ತಂಪು ಕೊಡುವುದು ಮುಖ್ಯವಾಗಿ ಕರಗುವುದರಿಂದ. ಕಲ್ಲು ಕರಗುವುದಿಲ್ಲ, ಹಾಗಾಗಿ ಕೊಡುವುದೂ ಕಡಿಮೆ.

ನೀರಿನ ಪ್ರಶ್ನೆಗೆ ವಿಜ್ಞಾನ ಸ್ವಲ್ಪ ಉತ್ತರ ಕೊಟ್ಟಿದೆ. 2017ರಲ್ಲಿ ಸ್ವೀಡನ್ನಿನ ಬ್ಯೋರ್ನ್ ಕಾರ್ಲ್‌ಸನ್ ಮತ್ತು ರಾನ್ ಫ್ರೀಡ್‌ಮನ್ ಕಂಪ್ಯೂಟರ್ ಮಾದರಿಯಲ್ಲಿ ಗ್ವಾಯಕಾಲ್ ಎಂಬ ಅಣುವನ್ನು, ಅಂದರೆ ವಿಸ್ಕಿಯ ಹೊಗೆವಾಸನೆಯ ಒಂದು ಮೂಲವನ್ನು, ಹಿಂಬಾಲಿಸಿದರು. ಮದ್ಯಾಂಶ 59 ಪ್ರತಿಶತ ದಾಟಿದರೆ ಅದು ಮದ್ಯದ ಅಣುಗಳ ನಡುವೆ ಮುಳುಗಿರುತ್ತದೆ. 45 ಅಥವಾ ಅದಕ್ಕಿಂತ ಕಡಿಮೆಯಾದರೆ ಮೇಲ್ಮೈಗೆ, ಮೂಗಿನ ಹತ್ತಿರಕ್ಕೆ ಬರುತ್ತದೆ. ಬೆಂಗಳೂರಿನ ಅಮೃತ್ ಡಿಸ್ಟಿಲರಿಯ ಕಾಸ್ಕ್ ಸ್ಟ್ರೆಂತ್ ಸಿಂಗಲ್ ಮಾಲ್ಟ್ 61.8 ಪ್ರತಿಶತದ್ದು. ಅದಕ್ಕೆ ನೀರು ಹಾಕದೆ ಕುಡಿಯುವುದು ಶೌರ್ಯವಿರಬಹುದು, ರಸಿಕತೆಯಲ್ಲ. ಆದರೆ ಸಾಮಾನ್ಯ 42.8ರ ಬಾಟಲಿಗೆ ಬೇಕಾದ ನೀರನ್ನು ಕಾರ್ಖಾನೆಯಲ್ಲೇ ಬೆರೆಸಿಯಾಗಿದೆ. 2023ರಲ್ಲಿ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಕಂಡದ್ದು, ನೀರಿನ ಪಾಲು 20 ಪ್ರತಿಶತ ದಾಟಿದರೆ ಒಂದೇ ಬಗೆಯ ವಿಸ್ಕಿಗಳನ್ನು ಒಂದರಿಂದ ಒಂದು ಬೇರ್ಪಡಿಸುವುದು ಕಷ್ಟವಾಗುತ್ತದೆ. ದುಬಾರಿ ಬಾಟಲಿ ಕೊಂಡವರಿಗೆ ಇದು ಎಚ್ಚರಿಕೆ, ಅಗ್ಗದ್ದು ಕೊಂಡವರಿಗೆ ಸಮಾಧಾನ.

ಅಗ್ಗದ್ದನ್ನು ಕೊಂಡವರೇ ಹೆಚ್ಚು. ಭಾರತದ ಸಾಮಾನ್ಯ ವಿಸ್ಕಿಯ ಬಹುಪಾಲು ಕಾಕಂಬಿಯಿಂದ ಅಥವಾ ಧಾನ್ಯದಿಂದ ಬಟ್ಟಿ ಇಳಿಸಿದ ತಟಸ್ಥ ಮದ್ಯ. ಅದರಲ್ಲಿ ನೀರು ಬಿಡಿಸಿ ಹೊರತರಬೇಕಾದ ಪರಿಮಳ ಕಡಿಮೆ. ತಂಪು ಮುಚ್ಚಿಡಬೇಕಾದ ಖಾರ ಹೆಚ್ಚು. ಕನ್ನಡದಲ್ಲೂ ತಮಿಳಿನಲ್ಲೂ ಏನೂ ಬೆರೆಸದ್ದಕ್ಕೆ ‘ರಾ’ ಎನ್ನುತ್ತಾರೆ: ‘ರಾ ಹೊಡೆದ’. ಆಂಗ್ಲರಿಗೆ ಅದು ‘ನೀಟ್’, ಅಚ್ಚುಕಟ್ಟು. ನಮಗೆ ಹಸಿ, ಬೇಯಿಸದ್ದು. ನಮ್ಮ ಮಾತಿನ ಪ್ರಕಾರ ನೀರು ಹಾಕುವುದೇ ಅಡುಗೆ. 1948ರಲ್ಲಿ ಮದರಾಸು ಪ್ರಾಂತ್ಯಕ್ಕೆಲ್ಲ, ಆಗ ಅದರೊಳಗಿದ್ದ ಮಂಗಳೂರು ಬಳ್ಳಾರಿಗಳಿಗೂ, ಪಾನನಿಷೇಧ ಬಂತು. ತಮಿಳುನಾಡಿನಲ್ಲಿ 1971ರಲ್ಲಿ ಅದನ್ನು ತೆಗೆದರು, ಮತ್ತೆ ತಂದರು. 2003ರಿಂದ ಚಿಲ್ಲರೆ ಮಾರಾಟವೆಲ್ಲ ಸರ್ಕಾರದ ಟಾಸ್ಮಾಕ್ ಅಂಗಡಿಗಳದು. ಆ ಅಂಗಡಿಯ ಪಕ್ಕ ಪ್ಲಾಸ್ಟಿಕ್ ಲೋಟಕ್ಕೆ ಕ್ವಾರ್ಟರ್ ಬಗ್ಗಿಸಿ, ನೀರಿನ ಪೊಟ್ಟಣವನ್ನು ಹಲ್ಲಿನಿಂದ ಹರಿದು ಬೆರೆಸುವ ಕೂಲಿಯವನಿಗೆ ಯಾವ ತಜ್ಞನೂ ಸಲಹೆ ಕೊಡುವುದಿಲ್ಲ. ಅವನು ನೀರು ಹಾಕುವುದು ಸರಿಯೇ, ಇನ್ನಷ್ಟು ಹಾಕಿದರೆ ಇನ್ನೂ ಸರಿ.

ಐಸ್ ಹೌಸ್‌ಗೆ ಮತ್ತೆ ಬರೋಣ. ಅದನ್ನು ಕೊಂಡವರು ಹೈಕೋರ್ಟ್ ವಕೀಲ ಬಿಳಿಗಿರಿ ಅಯ್ಯಂಗಾರ್. ಮಂಜಿನ ಮನೆಗೆ ಬಿಳಿಯ ಬೆಟ್ಟದ ಹೆಸರಿನವರೇ ಒಡೆಯರಾದದ್ದು ಕನ್ನಡದ ಕಿವಿಗೆ ಮಾತ್ರ ಕೇಳುವ ತಮಾಷೆ. ಅವರು ಕಿಟಕಿ, ಜಗಲಿಗಳನ್ನು ಸೇರಿಸಿ, ಗೆಳೆಯ ನ್ಯಾಯಮೂರ್ತಿ ಕರ್ನನ್ ಹೆಸರಿನಲ್ಲಿ ‘ಕ್ಯಾಸಲ್ ಕರ್ನನ್’ ಎಂದು ಕರೆದರು. 1897ರ ಫೆಬ್ರವರಿ 6ರಿಂದ ಒಂಬತ್ತು ದಿನ ವಿವೇಕಾನಂದರು ಅಲ್ಲಿದ್ದರು. ಅವರನ್ನು ಷಿಕಾಗೋಗೆ ಕಳಿಸಲು ಮನೆಮನೆ ತಿರುಗಿ ಹಣ ಕೂಡಿಸಿದ ಅಳಸಿಂಗ ಪೆರುಮಾಳ್ ಹುಟ್ಟಿದ್ದು ನಮ್ಮ ಚಿಕ್ಕಮಗಳೂರಿನಲ್ಲಿ. ಅಮೆರಿಕದಿಂದ ಬಂದ ಐಸಿಗೆ ಕಟ್ಟಿದ ಮನೆಯಲ್ಲಿ ಅಮೆರಿಕದಿಂದ ಬಂದ ಸನ್ಯಾಸಿ ತಂಗಿದರು.

ಮುಂದೆ 1917ರಲ್ಲಿ ಸರ್ಕಾರ ಕಟ್ಟಡವನ್ನು ತೆಗೆದುಕೊಂಡಿತು. ಸಿಸ್ಟರ್ ಸುಬ್ಬಲಕ್ಷ್ಮಿ, ತಾವೇ ಬಾಲವಿಧವೆಯಾಗಿದ್ದವರು, ತಮ್ಮ ಹಾಸ್ಟೆಲಿನ ಹುಡುಗಿಯರನ್ನು ಅಲ್ಲಿಗೆ ಕರೆತಂದರು. ತಲೆ ಬೋಳಿಸಿ ಮೂಲೆಗೆ ಕೂರಿಸಲ್ಪಡುತ್ತಿದ್ದ ಮಕ್ಕಳು ಆ ದುಂಡು ಗೋಡೆಗಳ ನಡುವೆ ಪಾಠ ಓದಿ ಶಿಕ್ಷಕಿಯರಾದರು. ಕಡಲಿಗೆ ಇಷ್ಟು ಹತ್ತಿರದ ಮನೆ ಸಿಕ್ಕಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು: ಊರಿನೊಳಗೆ ವಿಧವೆಯರ ಹಾಸ್ಟೆಲಿಗೆ ಮನೆ ಬಾಡಿಗೆಗೆ ಸಿಗುವುದು ಸುಲಭವಿರಲಿಲ್ಲ. ಕಟ್ಟಡಕ್ಕೆ ಈಗಿನ ಹೆಸರು ಬಂದದ್ದು 1963ರಲ್ಲಿ. ಆಟೋದವರು ಇನ್ನೂ ಐಸ್ ಹೌಸ್ ಎಂದೇ ಹೇಳುತ್ತಾರೆ.