ತಿಪ್ಪೆಯಿಂದ ಫೀಡ್ ಚೀಲಕ್ಕೆ: ಮಾದನಾಯಕನಹಳ್ಳಿ ಸೀಮೆಯ ಹಿತ್ತಿಲ ಕೋಳಿಯ ಮೇವು

ತುಮಕೂರು ರಸ್ತೆಯ ಬದಿಯ ಮಾದನಾಯಕನಹಳ್ಳಿಯೂ ಅದರ ಸುತ್ತಣ ದಾಸನಪುರ ಹೋಬಳಿಯೂ, ಪೀಣ್ಯದ ಕೈಗಾರಿಕೆಗಳು ಇತ್ತ ಹಬ್ಬುವ ಮುನ್ನ, ಕೆಂಪು ಮಣ್ಣಿನ ರಾಗಿ ಸೀಮೆಗೆ ಸೇರಿದ್ದವು. 1800ರಲ್ಲಿ ಮೈಸೂರು ರಾಜ್ಯದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಒಣಬೇಸಾಯದ ಬೆಳೆಗಳಲ್ಲಿ ರಾಗಿಗೇ ಮೊದಲ ಸ್ಥಾನ ಕೊಟ್ಟಿದ್ದಾನೆ. ಜನರ ಹಿಟ್ಟಿಗೂ ದನಗಳ ಹುಲ್ಲಿಗೂ ಆಧಾರವಾಗಿದ್ದ ಈ ಬೆಳೆಯೇ ಹಿತ್ತಿಲ ಕೋಳಿಯನ್ನೂ ಸಾಕುತ್ತಿತ್ತು; ಆದರೆ ಕೋಳಿಗೆಂದು ಯಾರೂ ರಾಗಿಯನ್ನು ಅಳೆದು ಹಾಕುತ್ತಿರಲಿಲ್ಲ. ಕಣದಲ್ಲಿ ಉದುರಿದ ಕಾಳು, ಮೊರದಿಂದ ಜಾರಿದ ನುಚ್ಚು, ದನದ ಕೊಟ್ಟಿಗೆಯ ಹಿಂದಿನ ತಿಪ್ಪೆಯ ಹುಳು, ಮಳೆಗಾಲದ ಗೆದ್ದಲು ಇವನ್ನೆಲ್ಲ ಕೆದರಿ ಹೆಕ್ಕಿ ತನ್ನ ಆಹಾರವನ್ನು ಹೊಂದಿಸಿಕೊಳ್ಳುವ ಕೆಲಸ ಹ್ಯಾಟೆಯದೇ ಆಗಿತ್ತು.

ಈ ವ್ಯವಸ್ಥೆ ಬಡತನದ್ದಾದರೂ ಅರ್ಥಹೀನವಾಗಿರಲಿಲ್ಲ. ರಾಗಿಯಲ್ಲಿ ಸಸಾರಜನಕ, ಅಂದರೆ ಮೈ ಬೆಳೆಸುವ ಪ್ರೋಟೀನ್, ಶೇ. 7ರಷ್ಟು ಮಾತ್ರ ಇರುವುದರಿಂದ ಕಾಳೊಂದನ್ನೇ ತಿಂದ ಮರಿ ಬೆಳೆಯಲಾರದು. ಆ ಕೊರತೆಯನ್ನು ಹುಳುಗಳು ತುಂಬುತ್ತಿದ್ದವು. ಧಾನ್ಯಗಳಲ್ಲೆಲ್ಲ ರಾಗಿಯಲ್ಲಿ ಸುಣ್ಣದಂಶ ಹೆಚ್ಚು, 100 ಗ್ರಾಂಗೆ ಸುಮಾರು 340 ಮಿಲಿಗ್ರಾಂ. ಆದರೆ ಒಂದು ಮೊಟ್ಟೆಯ ಚಿಪ್ಪಿಗೇ ಸುಮಾರು 2 ಗ್ರಾಂ ಸುಣ್ಣದಂಶ ಬೇಕಾಗುವುದರಿಂದ, ದಿನಕ್ಕೆ 100 ಗ್ರಾಂ ಆಸುಪಾಸಿನಲ್ಲಿ ಮೇಯುವ ಹ್ಯಾಟೆಗೆ ರಾಗಿಯಿಂದ ಆ ಲೆಕ್ಕ ಸರಿಹೋಗುವುದಿಲ್ಲ. ಮೊಟ್ಟೆಯಿಡುವ ಕೋಳಿ ಸುಣ್ಣ ಬಳಿದ ಗೋಡೆಯ ಬುಡವನ್ನು ಕುಕ್ಕುವುದೂ ಬಸವನಹುಳುವನ್ನು ಚಿಪ್ಪುಸಮೇತ ನುಂಗುವುದೂ ಇದೇ ಕಾರಣಕ್ಕೆ. ವರ್ಷಕ್ಕೆ ಕೆಲವೇ ಡಜನ್ ಮೊಟ್ಟೆಯಿಟ್ಟು ಕಾವಿಗೆ ಕೂರುವ ನಾಟಿ ಕೋಳಿಗೆ ಇಷ್ಟು ಸಾಕಾಗುತ್ತಿತ್ತು. ಕೊಕ್ಕರೆ ರೋಗವೆಂದು ಜನ ಕರೆಯುವ ರಾಣಿಖೇತ್ ಬಂದಾಗ ಮಾತ್ರ ಮೇವು ಎಷ್ಟೇ ಚೆನ್ನಾಗಿದ್ದರೂ ಗೂಡು ಬರಿದಾಗುತ್ತಿತ್ತು ಎಂಬುದನ್ನು, ಹಳೆಯದನ್ನು ಹಾಡಿ ಹೊಗಳುವವರು ಮರೆಯುವಂತಿಲ್ಲ.

ಮೇವಿನ ಕೊರತೆಯೇ ರೋಗವಾಗಬಲ್ಲದು ಎಂಬುದು ಆಧುನಿಕ ವಿಜ್ಞಾನಕ್ಕೆ ತಿಳಿದದ್ದೂ ಕೋಳಿಗಳಿಂದಲೇ. ಜಾವಾ ದ್ವೀಪದಲ್ಲಿ ಕೆಲಸ ಮಾಡುತ್ತಿದ್ದ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್ಮನ್, ಪಾಲಿಶ್ ಮಾಡಿದ ಅಕ್ಕಿ ತಿಂದ ಕೋಳಿಗಳ ಕಾಲು ಸೋತು ಬೀಳುವುದನ್ನೂ ತೌಡು ಉಳಿದ ಅಕ್ಕಿಯಿಂದ ಅವು ಚೇತರಿಸಿಕೊಳ್ಳುವುದನ್ನೂ 1890ರ ದಶಕದಲ್ಲಿ ಗುರುತಿಸಿದನು. ಬಿ1 ಜೀವಸತ್ವದ ಶೋಧಕ್ಕೆ ದಾರಿ ತೆರೆದ ಈ ಕೆಲಸಕ್ಕೆ 1929ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ತಿಪ್ಪೆಯ ಪಾತ್ರ ಬೆಳಕಿಗೆ ಬಂದದ್ದು ಇನ್ನೂ ತಡವಾಗಿ. ಸಸ್ಯಾಹಾರವನ್ನಷ್ಟೇ ತಿಂದು ಕುಂಠಿತವಾದ ಮರಿಗಳು ಸಗಣಿಯ ಅಂಶ ಸೇರಿದಾಗ ಬೆಳೆಯುತ್ತವೆಂದು ಅಮೆರಿಕದ ಪ್ರಯೋಗಗಳು 1940ರ ದಶಕದಲ್ಲಿ ತೋರಿಸಿದವು; ಆ ಅಂಶವೇ ಆಗಿದ್ದ ಬಿ12 ಜೀವಸತ್ವವನ್ನು 1948ರಲ್ಲಿ ಬೇರ್ಪಡಿಸಲಾಯಿತು. ಅದರ ಅಗ್ಗದ ಮೂಲವನ್ನು ಹುಡುಕುತ್ತಿದ್ದ ಥಾಮಸ್ ಜೂಕ್ಸ್ ಮತ್ತು ರಾಬರ್ಟ್ ಸ್ಟೋಕ್‌ಸ್ಟಾಡ್, ಆಂಟಿಬಯಾಟಿಕ್ ತಯಾರಿಕೆಯಲ್ಲಿ ಉಳಿದ ಗಸಿಯನ್ನು ಮರಿಗಳಿಗೆ ತಿನ್ನಿಸಿದಾಗ ಅವು ನಿರೀಕ್ಷೆ ಮೀರಿ ಕೊಬ್ಬಿದವು, ಮತ್ತು ಮೇವಿಗೆ ಆಂಟಿಬಯಾಟಿಕ್ ಬೆರೆಸುವ ಪದ್ಧತಿ 1950ರಿಂದಾಚೆಗೆ ಲೋಕವ್ಯಾಪಿಯಾಯಿತು. ತಿಪ್ಪೆ ಪುಕ್ಕಟೆಯಾಗಿ ಕೊಡುತ್ತಿದ್ದುದನ್ನು ಕಾರ್ಖಾನೆಯಲ್ಲಿ ಹುಡುಕಹೊರಟವರಿಗೆ ಬೇರೊಂದೇ ಸಿಕ್ಕಿತು.

ಬೆಂಗಳೂರಿನ ಉತ್ತರ ಭಾಗದಲ್ಲಿ ಈ ಹೊಸ ವಿದ್ಯೆ ನೆಲೆಯೂರಿದ್ದು 1958ರಲ್ಲಿ ಆರಂಭವಾದ ಹೆಬ್ಬಾಳದ ಪಶುವೈದ್ಯ ಕಾಲೇಜಿನಿಂದ ಮತ್ತು ಮಾದನಾಯಕನಹಳ್ಳಿಗೆ ಹತ್ತಿರದ ಹೆಸರಘಟ್ಟದ ಕೇಂದ್ರ ಸರ್ಕಾರಿ ಕೋಳಿ ಸಾಕಣೆ ಕೇಂದ್ರದಿಂದ. ಮುಸುಕಿನ ಜೋಳ, ತೌಡು, ಕಡಲೆಕಾಯಿ ಹಿಂಡಿ, ಒಣಮೀನಿನ ಪುಡಿ, ಖನಿಜ ಮಿಶ್ರಣಗಳನ್ನು ತೂಕಕ್ಕೆ ತಕ್ಕಂತೆ ಬೆರೆಸುವ ಸಮತೋಲ ಮೇವು ಆಗ ಬಂತು. ಗಾಣದಲ್ಲಿ ಎಣ್ಣೆ ತೆಗೆದ ಮೇಲೆ ಉಳಿಯುವ ಕಡಲೆಕಾಯಿ ಹಿಂಡಿ ಸಸಾರಜನಕದ ಸುಲಭ ಮೂಲವಾಗಿತ್ತು, ಆದರೆ ಅಪಾಯ ಅದರಲ್ಲೇ ಅಡಗಿತ್ತು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ, ಬ್ರೆಜಿಲ್‌ನಿಂದ ತರಿಸಿದ ಹಿಂಡಿಯಲ್ಲಿ ಬೆಳೆದ ಬೂಷ್ಟಿನ ವಿಷ, ಅಂದರೆ ಅಫ್ಲಟಾಕ್ಸಿನ್, ಪತ್ತೆಯಾಯಿತು. 1966ರಲ್ಲಿ ಮೈಸೂರು ರಾಜ್ಯದಲ್ಲೇ 2,000ಕ್ಕೂ ಹೆಚ್ಚು ಮರಿಗಳು ಇದೇ ವಿಷಕ್ಕೆ ಬಲಿಯಾದವು. ಕಣ್ಣಿಗೆ ಕಾಣದಷ್ಟು ಬೂಷ್ಟು ಹಿಡಿದ ಹಿಂಡಿಯೂ ಯಕೃತ್ತನ್ನು ಕೆಡಿಸಿ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆ, ಹೀಗಾಗಿ ಲಸಿಕೆ ಹಾಕಿಸಿದ ಕೋಳಿಯೂ ರಾಣಿಖೇತ್‌ಗೆ ತುತ್ತಾಗಬಹುದು, ತಪ್ಪು ಮಾತ್ರ ಲಸಿಕೆಯ ತಲೆಗೆ ಬರುತ್ತದೆ.

ಹಿತ್ತಿಲಿಗೆಂದೇ ರೂಪಿಸಿದ ಗಿರಿರಾಜ ತಳಿ 1989ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದಿಂದ ಹೊರಬಂದಾಗ ಮೇವಿನ ಬೇಡಿಕೆ ಬದಲಾಯಿತು: ಹೆಚ್ಚು ಮೊಟ್ಟೆಯಿಡುವ, ಬೇಗ ಮೈ ತುಂಬುವ ಕೋಳಿಗೆ ಮೊದಲ ಕೆಲವು ವಾರ ಒಳ್ಳೆಯ ಮರಿಮೇವು ಬೇಕೇ ಬೇಕು. ಅಷ್ಟರಲ್ಲಿ ರಾಗಿ ಹೊಲಗಳು ಗೋದಾಮು, ಶೆಡ್ಡು, ಬಾಡಿಗೆ ಮನೆಗಳಾಗುತ್ತ ಬಂದಿದ್ದವು. ಕಣವೂ ಕೊಟ್ಟಿಗೆಯೂ ಹೋದ ಮೇಲೆ ಉಳಿದದ್ದು ತಂಗಳನ್ನ ಮತ್ತು ಅಂಗಡಿಯ ಫೀಡು. ಪಾಲಿಶ್ ಅಕ್ಕಿಯ ತಂಗಳನ್ನವನ್ನೇ ತಿನ್ನುವ ಕೋಳಿಯ ಕಾಲು ಸೋಲುವುದಕ್ಕೆ ಐಕ್ಮನ್ ಹೇಳಿದ ಕಾರಣವೇ ಇರಬಲ್ಲದು.

ಅಂಗಡಿಯ ಫೀಡಿನ ತೊಡಕು ಬೇರೆ ಬಗೆಯದು. ಮೊಟ್ಟೆ ಕೋಳಿಯ ಮೇವಿನಲ್ಲಿ ಶೇ. 3ಕ್ಕೂ ಮಿಕ್ಕ ಸುಣ್ಣದಂಶವಿರುವುದರಿಂದ ಅದನ್ನು ಮರಿಗಳಿಗೆ ಹಾಕಿದರೆ ಮೂತ್ರಪಿಂಡಗಳು ಕೆಡುತ್ತವೆ. ಬ್ರಾಯ್ಲರ್ ಮೇವಿನಲ್ಲಿ ರಕ್ತಭೇದಿಯನ್ನು, ಅಂದರೆ ಕಾಕ್ಸಿಡಿಯೋಸಿಸ್ ಎಂಬ ಕರುಳಿನ ರೋಗವನ್ನು, ತಡೆಯುವ ಔಷಧಿ ಬೆರೆತಿರುವುದುಂಟು; ಅಂಥವುಗಳಲ್ಲೊಂದಾದ ನಿಕಾರ್ಬಜಿನ್ ಮೊಟ್ಟೆಯಿಡುವ ಕೋಳಿಯ ಹೊಟ್ಟೆ ಸೇರಿದರೆ ಕಂದು ಚಿಪ್ಪು ಬಿಳಿಚಿಕೊಂಡು, ಕಾವಿಗಿಟ್ಟ ಮೊಟ್ಟೆಗಳಲ್ಲಿ ಮರಿಯಾಗುವುದು ಕಡಿಮೆಯಾಗುತ್ತದೆ. ಮೇವಿಗೆ ಬೆರೆಸುತ್ತಿದ್ದ ಕೊಲಿಸ್ಟಿನ್ ಎಂಬ ಆಂಟಿಬಯಾಟಿಕ್ಕನ್ನು ಆಹಾರದ ಪ್ರಾಣಿಗಳಿಗೆಂದು ತಯಾರಿಸಿ ಮಾರುವುದನ್ನು ಕೇಂದ್ರ ಸರ್ಕಾರ 2019ರ ಜುಲೈನಲ್ಲಿ ನಿಷೇಧಿಸಿದೆ. ಆದರೆ ಯಾವ ವಯಸ್ಸಿನ ಕೋಳಿಗೆ, ಯಾವ ಔಷಧಿ ಬೆರೆತದ್ದು ಎಂಬ ವಿವರ ಅಚ್ಚಾಗಿರುವುದು 50 ಕಿಲೋ ಚೀಲದ ಮೇಲೆ. ನಾಲ್ಕಾರು ಕೋಳಿ ಸಾಕುವವರು ಕೊಳ್ಳುವುದೋ ಒಂದೆರಡು ಕಿಲೋ ಬಿಡಿ ಫೀಡನ್ನು.