ಕೆಂಪು ಶಾಯಿಯ ಲೆಕ್ಕ

ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಸಾಯಂಕಾಲ ಕೂತು ಲೆಕ್ಕ ಹಾಕಿದ್ದೆ. ಮೂರು ಸೆಕ್ಷನ್, ಸೆಕ್ಷನ್ನಿಗೆ 62 ಮಕ್ಕಳು, ಒಟ್ಟು 186 ನೋಟ್‌ಬುಕ್ಕು. ‘ನಿಮ್ಮೂರ ಜಾತ್ರೆ’ ಅಂತ ಇಂಗ್ಲಿಷಿನಲ್ಲಿ ಒಂದು ಪುಟ ಬರೆಸಿದರೆ ಒಂದೊಂದು ತಿದ್ದಲು ಕಡಿಮೆಯೆಂದರೂ ನಾಲ್ಕು ನಿಮಿಷ ಬೇಕು. ಎಲ್ಲ ಸೇರಿ ಹನ್ನೆರಡು ಗಂಟೆಯ ಮೇಲಾಯಿತು. ಅದೇ ಹತ್ತು ‘ಬಿಟ್ಟ ಸ್ಥಳ ತುಂಬಿ’ ಕೊಟ್ಟರೆ ಒಂದಕ್ಕೆ ನಲವತ್ತು ಸೆಕೆಂಡು. ಎರಡು ಗಂಟೆಯಲ್ಲಿ ಬ್ರಿಲ್ ಶಾಯಿಯ ಸೀಸೆಗೆ ಮುಚ್ಚಳ ಹಾಕಿ ಅನ್ನಕ್ಕೆ ಇಡಬಹುದು. ಮಾರನೆಯ ದಿನ ನಾನು ಏನು ಕೊಟ್ಟೆ ಅನ್ನುವುದನ್ನು ಬಿಡಿಸಿ ಹೇಳಬೇಕಿಲ್ಲ. ಮೂವತ್ತೈದು ವರ್ಷ ಕೊಟ್ಟದ್ದೂ ಹೆಚ್ಚಾಗಿ ಅದನ್ನೇ.

ನಮ್ಮಲ್ಲಿ ಇಂಗ್ಲಿಷ್ ಕಲಿಕೆಯ ಚರಿತ್ರೆ ಬರೆಯುವವರು 1835ರ ಮೆಕಾಲೆಯಿಂದ ಶುರು ಮಾಡುತ್ತಾರೆ, ಅಲ್ಲಿಂದ ಸಾಮ್ರಾಜ್ಯ, ಗುಲಾಮಗಿರಿ ಅಂತ ದೊಡ್ಡ ದೊಡ್ಡ ಮಾತಿಗೆ ಹೋಗುತ್ತಾರೆ. ಹೋಗಲಿ. ನಾನು ಮೇಷ್ಟರ ಮೇಜಿನ ಈ ಕಡೆ ಕೂತವಳು. ಯಾವ ಅಭ್ಯಾಸ ಬದುಕಿತು, ಯಾವುದು ಸತ್ತಿತು ಅನ್ನುವುದನ್ನು ತೀರ್ಮಾನ ಮಾಡಿದ್ದು ತಿದ್ದುವ ಕೈ ಅಂತ ನನ್ನ ಅನುಮಾನ.

1844ರಲ್ಲಿ ಗವರ್ನರ್ ಜನರಲ್ ಹಾರ್ಡಿಂಜ್, ಸರ್ಕಾರಿ ನೌಕರಿಗೆ ಇಂಗ್ಲಿಷ್ ಓದಿದವರಿಗೆ ಮೊದಲ ಮಣೆ ಅಂದ. 1857ರಲ್ಲಿ ಕಲ್ಕತ್ತೆ, ಮುಂಬಯಿ, ಮದರಾಸು ವಿಶ್ವವಿದ್ಯಾನಿಲಯಗಳು ಹುಟ್ಟಿದವು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಬರುವ ತನಕ ನಮ್ಮ ಸೀಮೆಯ ಹುಡುಗರು ಕಟ್ಟುತ್ತಿದ್ದದ್ದು ಮದರಾಸಿನ ಪರೀಕ್ಷೆ. ಎಲ್ಲೋ ಕೂತ ಪರೀಕ್ಷಕ, ಮುಖ ನೋಡದ ಹುಡುಗರ ಉತ್ತರಪತ್ರಿಕೆಗಳ ಕಟ್ಟನ್ನು ಬಿಚ್ಚಿ ತಿದ್ದಬೇಕು. ಹಾಗೆ ತಿದ್ದುವವನಿಗೆ ಹುಡುಗನ ಮನಸ್ಸಿನಲ್ಲಿ ಏನಿದೆ ಎಂದು ಹುಡುಕುವ ಪುರಸೊತ್ತಿಲ್ಲ. ಸರಿ-ತಪ್ಪು ಕಣ್ಣಿಗೆ ಹೊಡೆಯುವಂಥದು ಬೇಕು. ವ್ಯಾಕರಣ ಅದಕ್ಕೆ ಹೇಳಿ ಮಾಡಿಸಿದ ಹಾಗಿತ್ತು.

ನಮ್ಮಣ್ಣ (ಅಪ್ಪನನ್ನು ನಾವು ಕರೆಯುತ್ತಿದ್ದದ್ದು ಹಾಗೆ) ಕಲಿತದ್ದು ನೆಸ್‌ಫೀಲ್ಡ್ ವ್ಯಾಕರಣ. ಜೆ. ಸಿ. ನೆಸ್‌ಫೀಲ್ಡ್ ಉತ್ತರ ಭಾರತದ ಶಿಕ್ಷಣ ಇಲಾಖೆಯಲ್ಲಿದ್ದ ದೊರೆ. ಅವನ ಪುಸ್ತಕಗಳನ್ನು 19ನೇ ಶತಮಾನದ ಕೊನೆಗೆ ಮ್ಯಾಕ್‌ಮಿಲನ್ ಕಂಪನಿ ಅಚ್ಚು ಹಾಕಿಸಿತು. ಅದರ ಪ್ರಾಣ ಇದ್ದದ್ದು ಪಾರ್ಸಿಂಗಿನಲ್ಲಿ. ‘ದಿ ಬಾಯ್ ಕಿಕ್ಡ್ ದಿ ಬಾಲ್’ ಅಂತ ಒಂದು ವಾಕ್ಯ ಕೊಟ್ಟರೆ ಅಣ್ಣ ಎಂಬತ್ತನೇ ವಯಸ್ಸಿನಲ್ಲೂ ಕಣ್ಣು ಮುಚ್ಚಿ ಶುರು ಮಾಡುತ್ತಿದ್ದರು: ‘ಬಾಯ್, ಕಾಮನ್ ನೌನ್, ಮ್ಯಾಸ್ಕುಲಿನ್ ಜೆಂಡರ್, ಥರ್ಡ್ ಪರ್ಸನ್, ಸಿಂಗುಲರ್ ನಂಬರ್, ನಾಮಿನೇಟಿವ್ ಕೇಸ್...’ ಹುಡುಗ ಚೆಂಡನ್ನು ಯಾಕೆ ಒದ್ದ, ಅದು ಯಾರ ಮನೆಯ ಹೆಂಚಿನ ಮೇಲೆ ಬಿತ್ತು ಅನ್ನುವುದು ಯಾರಿಗೂ ಬೇಡ.

ಅಣ್ಣನ ಅಪ್ಪ ಕೂಲಿಮಠದಲ್ಲಿ ಐಗಳ ಮುಂದೆ ಮರಳಿನ ಮೇಲೆ ಅಕ್ಷರ ತಿದ್ದಿದವರು. ಮಗ್ಗಿ, ಅಮರಕೋಶ ಎಲ್ಲ ಬಾಯಿಪಾಠ. ನಮ್ಮಲ್ಲಿ ಪಾಠವನ್ನು ‘ಒಪ್ಪಿಸು’ವುದು ಅನ್ನುತ್ತೇವೆ, ತಗೊಂಡ ಸಾಮಾನನ್ನು ಕೆಡದ ಹಾಗೆ ವಾಪಸು ಒಪ್ಪಿಸಿದಂತೆ. ಪಾರ್ಸಿಂಗ್ ನಮ್ಮವರಿಗೆ ಅಷ್ಟು ಬೇಗ ಒಗ್ಗಿದ್ದು ಅದಕ್ಕೇ ಇರಬೇಕು. ಸಾಮಾನು ಹೊಸದಾದರೂ ಒಪ್ಪಿಸುವ ಬಗೆ ಹಳೆಯದೇ.

ಶಬ್ದಗಳಿಗೆ ಆಸರೆಯಾಗಿದ್ದು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯ. ಕಿಟ್ಟೆಲ್ಲರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಬಂತು, ಅದು ಪಂಡಿತರ ಕಪಾಟಿನ ಪುಸ್ತಕ. ಶಾಲೆ ಹುಡುಗರ ಚೀಲಕ್ಕೆ ಬಂದದ್ದು ಅದೇ ಮಿಷನ್ನಿನ ಜೀಗ್ಲರ್ ಮಾಡಿದ ಇಂಗ್ಲಿಷ್-ಕನ್ನಡ ಶಾಲಾ ನಿಘಂಟು. ನಮ್ಮನೆಯ ಪ್ರತಿಗೆ ರಟ್ಟು ಹೋಗಿ, ಅಮ್ಮ ಹಳೆಯ ಸೀರೆಯಂಚು ಹಚ್ಚಿ ಹೊಲಿದಿದ್ದಳು.

ನನ್ನ ಕಾಲಕ್ಕೆ ರೆನ್ ಅಂಡ್ ಮಾರ್ಟಿನ್ ಬಂದಿತ್ತು. ಕೆಂಪು ರಟ್ಟು, ಇಟ್ಟಿಗೆ ತೂಕ. ಪಿ. ಸಿ. ರೆನ್ ಮುಂಬಯಿ ಪ್ರಾಂತ್ಯದ ಶಿಕ್ಷಣ ಇಲಾಖೆಯಲ್ಲಿದ್ದವರು. ಆಮೇಲೆ ಕಾದಂಬರಿಕಾರರಾಗಿ, ಫ್ರೆಂಚ್ ಫಾರಿನ್ ಲೀಜನ್ನಿನ ಸಿಪಾಯಿಗಳ ಕತೆ ‘ಬೋ ಜೆಸ್ಟ್’ ಬರೆದು 1924ರಲ್ಲಿ ಹೆಸರು ಮಾಡಿದರು. ಮರಳುಗಾಡಿನ ಕೋಟೆಯಲ್ಲಿ ಗುಂಡು ಹಾರಿಸುವ ಕತೆ ಬರೆದ ಕೈಯೇ ನಮಗೆ ಸೀಕ್ವೆನ್ಸ್ ಆಫ್ ಟೆನ್ಸಸ್ ಕೊಟ್ಟಿದ್ದು ಅಂತ ತಿಳಿದಾಗ ನನಗೆ ರಿಟೈರ್ ಆಗುವ ವಯಸ್ಸು. ಮೊದಲೇ ಗೊತ್ತಿದ್ದಿದ್ದರೆ ಕ್ಲಾಸಿನಲ್ಲಿ ಆ ಕತೆಯನ್ನಾದರೂ ಹೇಳುತ್ತಿದ್ದೆ. ಈಗ ಆ ಪುಸ್ತಕ ಎಸ್. ಚಾಂದ್ ಕಂಪನಿಯದು, ಎನ್. ಡಿ. ವಿ. ಪ್ರಸಾದ ರಾವ್ ಪರಿಷ್ಕರಿಸಿದ್ದು. ಅಭ್ಯಾಸಗಳ ಉತ್ತರಕ್ಕೆ ಬೇರೆಯೇ ಒಂದು ‘ಕೀ’ ಪುಸ್ತಕ ಸಿಗುತ್ತದೆ. ಈ ಪುಸ್ತಕ ಇಷ್ಟು ವರ್ಷ ಬಾಳಿದ್ದಕ್ಕೆ ಪಂಡಿತರು ಏನೇನೋ ಕಾರಣ ಕೊಡುತ್ತಾರೆ. ನಾನು ಆ ಕೀಯನ್ನು ತೋರಿಸುತ್ತೇನೆ.

ವಾಯ್ಸ್ ಬದಲಿಸುವ ಅಭ್ಯಾಸವನ್ನೇ ನೋಡಿ. ‘ಬೆಕ್ಕು ಇಲಿಯನ್ನು ಕೊಂದಿತು’ ಅನ್ನುವುದನ್ನು ತಿರುಗಿಸಿ ‘ಇಲಿಯು ಬೆಕ್ಕಿನಿಂದ ಕೊಲ್ಲಲ್ಪಟ್ಟಿತು’ ಮಾಡಬೇಕು. ನಮ್ಮ ಮಕ್ಕಳು ಇಂಗ್ಲಿಷಿನಲ್ಲಿ ಇದನ್ನು ಚಕಚಕ ಮಾಡುತ್ತಿದ್ದರು. ಆಚೆಯದನ್ನು ಈಚೆಗೆ, ಈಚೆಯದನ್ನು ಆಚೆಗೆ ಇಟ್ಟು ನಡುವೆ ‘ಬೈ’ ಸೇರಿಸಿದರೆ ಆಯಿತು, ಒಂದು ಮಾರ್ಕು. ಆದರೆ ಅಡುಗೆಮನೆಯಲ್ಲಿ ನಿಂತು ‘ಹಾಲು ಬೆಕ್ಕಿನಿಂದ ಕುಡಿಯಲ್ಪಟ್ಟಿದೆ’ ಅನ್ನುವ ತಾಯಿ ಕರ್ನಾಟಕದಲ್ಲಿ ಹುಟ್ಟಿಲ್ಲ. ಇಂಗ್ಲಿಷಿನವನು ಆ ರೂಪವನ್ನು ಎಲ್ಲಿ, ಯಾಕೆ ಬಳಸುತ್ತಾನೆ ಅನ್ನುವುದನ್ನು ನಾನೂ ಕಲಿಸಲಿಲ್ಲ, ಕೀಯಲ್ಲೂ ಇರಲಿಲ್ಲ. ಉಳಿದದ್ದು ‘ಅಲ್ಪಟ್ಟಿತು’ ಒಂದೇ. ಅದು ಸರ್ಕಾರಿ ಸುತ್ತೋಲೆಗಳಲ್ಲಿ ಇವತ್ತೂ ಹಾಯಾಗಿದೆ.

ಓದಿಸುವ ವಿಚಾರಕ್ಕೆ ಬಂದರೆ, ಒಬ್ಬ ಮನುಷ್ಯನಿಗೆ ನಾವು ಅನ್ಯಾಯ ಮಾಡಿದ್ದೇವೆ. ಮೈಕೇಲ್ ವೆಸ್ಟ್ ಅಂತ, ಢಾಕಾದಲ್ಲಿ ಮೇಷ್ಟರುಗಳಿಗೆ ತರಬೇತಿ ಕೊಡುತ್ತಿದ್ದವರು. ಬಂಗಾಳದ ಹುಡುಗರನ್ನು ನೋಡಿ ಅವರು 1926ರಲ್ಲಿ ಒಂದು ಪುಸ್ತಕ ಬರೆದರು. ಈ ಹುಡುಗರಲ್ಲಿ ಬಹಳ ಮಂದಿ ನಡುವೆಯೇ ಶಾಲೆ ಬಿಡುವವರು; ಅವರಿಗೆ ಮೊದಲು ಬೇಕಾದ್ದು ಇಂಗ್ಲಿಷ್ ಓದಿ ತಿಳಿಯುವ ಶಕ್ತಿ, ಮಾತು ಆಮೇಲೆ ಅನ್ನುವುದು ಅವರ ವಾದ. ಪಾಠಪುಸ್ತಕಗಳಲ್ಲಿ ಹೊಸ ಶಬ್ದಗಳು ಕಲ್ಲು ಸುರಿದ ಹಾಗೆ ಬೀಳುತ್ತವೆ, ಹುಡುಗ ಒಂದನ್ನು ದಾಟುವಷ್ಟರಲ್ಲಿ ಇನ್ನೊಂದನ್ನು ಎಡವುತ್ತಾನೆ ಅಂತ ಕಂಡುಕೊಂಡು, ಹೊಸ ಶಬ್ದಗಳನ್ನು ಬಿಡಿಬಿಡಿಯಾಗಿ ಬಿತ್ತಿ, ಬಂದದ್ದೇ ಮತ್ತೆ ಮತ್ತೆ ಬರುವ ಹಾಗೆ ‘ನ್ಯೂ ಮೆಥಡ್’ ರೀಡರುಗಳನ್ನು ಮಾಡಿದರು. 1935ರ ಅವರ ನಿಘಂಟು ಶಬ್ದಗಳ ಅರ್ಥವನ್ನೆಲ್ಲ 1,490 ಸರಳ ಪದಗಳ ಒಳಗೇ ಹೇಳಿತು. ತೀರ ಬೇಕಾದ ಸುಮಾರು 2,000 ಪದಗಳ ಅವರ ಪಟ್ಟಿ 1953ರಲ್ಲಿ ಬಂತು. ಜಗತ್ತಿನಲ್ಲಿ ಇಂಗ್ಲಿಷ್ ಕಲಿಸುವವರೆಲ್ಲ ಎಷ್ಟೋ ಕಾಲ ಅದನ್ನು ಹಿಡಿದು ನಡೆದರು.

ನಮ್ಮ ಶಾಲೆಗಳಲ್ಲಿ ಅಂಥ ಓದಿಗೆ ಸಿಕ್ಕ ಹೆಸರು ‘ನಾನ್-ಡೀಟೇಲ್ಡ್’. ಡೀಟೇಲ್ಡ್ ಅಂದರೆ ಸಾಲು ಸಾಲಿಗೆ ಅರ್ಥ ಹೇಳುವ ಪಾಠ. ನಾನ್-ಡೀಟೇಲ್ಡ್ ಅಂದರೆ ಹುಡುಗ ಸುಮ್ಮನೆ, ಸಂತೋಷಕ್ಕೆ ಓದಿಕೊಳ್ಳಬೇಕಾದ ಸರಳ ಕತೆ. ಸಂತೋಷಕ್ಕೆ ಮಾರ್ಕು ಹಾಕುವುದು ಹೇಗೆ? ಪರೀಕ್ಷೆಯಲ್ಲಿ ಅದರ ಮೇಲೂ ಒಂದು ಪ್ರಬಂಧ ಕೇಳಿದರು. ಗೈಡಿನವನು ಆ ಪ್ರಬಂಧವನ್ನು ಬರೆದುಕೊಟ್ಟ. ಮಕ್ಕಳು ಕತೆ ಬಿಟ್ಟು ಅದನ್ನು ಬಾಯಿಪಾಠ ಮಾಡಿದರು. ನಾವು ಅದನ್ನು ತಿದ್ದಿದೆವು.

ಸ್ವಾತಂತ್ರ್ಯ ಬಂದ ಮೇಲೆ ವ್ಯಾಕರಣದ ಹೆಸರು ಹೇಳದೆ ವಾಕ್ಯದ ಅಚ್ಚುಗಳನ್ನೇ ತಿಕ್ಕಿ ತಿಕ್ಕಿ ಕಲಿಸುವ ಸ್ಟ್ರಕ್ಚರಲ್ ಪದ್ಧತಿ ಬಂತು. ಹೈದರಾಬಾದಿನಲ್ಲಿ 1958ರಲ್ಲಿ, ಬೆಂಗಳೂರಿನಲ್ಲಿ 1963ರಲ್ಲಿ ಇಂಗ್ಲಿಷ್ ಸಂಸ್ಥೆಗಳು ಆದವು. ‘ದಿಸ್ ಈಸ್ ಎ ಬುಕ್, ದಟ್ ಈಸ್ ಎ ಡೋರ್’ ಅಂತ ಅರವತ್ತು ಕಂಠ ಒಟ್ಟಿಗೆ ಕೂಗುವುದು ಬಸ್ ಸ್ಟ್ಯಾಂಡಿನ ತನಕ ಕೇಳಿಸುತ್ತಿತ್ತು. ಅದರ ಬಗ್ಗೆ ನನಗೆ ಹೆಚ್ಚಿಗೆ ಹೇಳುವುದಕ್ಕೇನಿಲ್ಲ, ಗಂಟಲು ಹೋಗುತ್ತಿತ್ತು ಅನ್ನುವುದನ್ನು ಬಿಟ್ಟರೆ.

ಆಮೇಲೆ ನಡೆದದ್ದು ಮಾತ್ರ ನಮ್ಮ ಮನೆ ಬಾಗಿಲಲ್ಲೇ. ಎನ್. ಎಸ್. ಪ್ರಭು ಮದರಾಸಿನ ಬ್ರಿಟಿಷ್ ಕೌನ್ಸಿಲಿನಲ್ಲಿದ್ದವರು. ಬೆಂಗಳೂರಿನ ಸಂಸ್ಥೆಯವರೂ ಕೂಡಿ 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗ ಮಾಡಿದರು. ಜಗತ್ತಿನ ಪುಸ್ತಕಗಳಲ್ಲಿ ಅದರ ಹೆಸರು ‘ಬ್ಯಾಂಗಲೋರ್ ಪ್ರಾಜೆಕ್ಟ್’. ವ್ಯಾಕರಣ ಪಾಠ ಇಲ್ಲ, ಶಬ್ದಗಳ ಪಟ್ಟಿ ಇಲ್ಲ, ಕೂಗುವುದೂ ಇಲ್ಲ. ರೈಲಿನ ವೇಳಾಪಟ್ಟಿ, ಊರಿನ ನಕ್ಷೆ, ಕ್ಯಾಲೆಂಡರು, ದುಡ್ಡಿನ ಲೆಕ್ಕ ಇಂಥವನ್ನು ಮುಂದಿಟ್ಟು ಇಂಗ್ಲಿಷಿನಲ್ಲಿ ಒಂದು ಸಮಸ್ಯೆ ಕೊಡುವುದು. ಮೊದಲು ಮೇಷ್ಟರು ಇಡೀ ಕ್ಲಾಸಿನ ಜತೆ ಅಂಥದ್ದೇ ಒಂದನ್ನು ಬಾಯಲ್ಲೇ ಬಿಡಿಸುತ್ತಾರೆ, ಆಮೇಲೆ ಪ್ರತಿ ಮಗು ತಾನೇ ಇನ್ನೊಂದನ್ನು ಬಿಡಿಸಬೇಕು. ಮನಸ್ಸು ಅರ್ಥದ ಹಿಂದೆ ಹೋದರೆ ವ್ಯಾಕರಣ ತಾನಾಗಿ ಹಿಂದೆ ಬರುತ್ತದೆ ಅನ್ನುವುದು ಪ್ರಭು ಅವರ ನಂಬಿಕೆ. 1987ರಲ್ಲಿ ಆಕ್ಸ್‌ಫರ್ಡ್ ಪ್ರೆಸ್ಸು ಅವರ ಪುಸ್ತಕ ತಂದಿತು. ‘ಟಾಸ್ಕ್’ ಹಿಡಿದು ಭಾಷೆ ಕಲಿಸುವ ಬಗ್ಗೆ ಜಗತ್ತಿನಲ್ಲಿ ಎಲ್ಲಿ ಚರ್ಚೆಯಾದರೂ ಬೆಂಗಳೂರಿನ ಹೆಸರು ಬರುತ್ತದೆ. ಆ ಐದು ವರ್ಷ ನಾನು ನೂರೈವತ್ತು ಕಿಲೋಮೀಟರೂ ಇಲ್ಲದ ದೂರದಲ್ಲಿ ಕೂತು ಇಲಿಗಳನ್ನು ಬೆಕ್ಕುಗಳಿಂದ ಕೊಲ್ಲಿಸುತ್ತಿದ್ದೆ.

ನನಗೆ ಅದು ಗೊತ್ತಾದದ್ದು ಬೆಂಗಳೂರಿಗೆ ತರಬೇತಿಗೆ ಹೋದಾಗ. ಉಪನ್ಯಾಸ ಕೇಳುತ್ತಾ ನಾನು ಮನಸ್ಸಿನಲ್ಲೇ ಮತ್ತೆ ಲೆಕ್ಕ ಹಾಕಿದೆ. ರೈಲು ಎಷ್ಟು ಗಂಟೆಗೆ ಅನ್ನುವುದಕ್ಕೆ ಉತ್ತರ ಒಂದೇ, ತಿದ್ದಲು ಅರ್ಧ ನಿಮಿಷವೂ ಬೇಡ. ಪ್ರಭು ಅವರ ಕ್ಲಾಸುಗಳಲ್ಲಿ ಮಾರ್ಕು ಬೀಳುತ್ತಿದ್ದದ್ದು ಉತ್ತರ ಸರಿಯೋ ಅನ್ನುವುದಕ್ಕೆ, ಇಂಗ್ಲಿಷ್ ಸರಿಯೋ ಅನ್ನುವುದಕ್ಕಲ್ಲ. ಕೆಂಪು ಶಾಯಿಯ ಕಷ್ಟ ತಿಳಿದವರೇ ಕಟ್ಟಿದ ಪದ್ಧತಿ ಇದು ಅನ್ನಿಸಿತು.

ಊರಿಗೆ ಬಂದು ಬೋರ್ಡಿನ ಮೇಲೆ ಅರಸೀಕೆರೆ, ತಿಪಟೂರು, ಗುಬ್ಬಿ, ತುಮಕೂರು, ಬೆಂಗಳೂರು ಅಂತ ಬರೆದು ಎರಡು ಗಾಡಿಗಳಿಗೆ ನನಗೆ ತೋಚಿದ ವೇಳೆ ಹಾಕಿದೆ. ಪ್ಯಾಸೆಂಜರು ಎಲ್ಲ ಕಡೆ ನಿಲ್ಲುತ್ತದೆ. ಎಕ್ಸ್‌ಪ್ರೆಸ್ಸು ಗುಬ್ಬಿಯಲ್ಲಿ ನಿಲ್ಲುವುದಿಲ್ಲ. ಗುಬ್ಬಿಯವನೊಬ್ಬನಿಗೆ ಬೆಂಗಳೂರಲ್ಲಿ ಬೆಳಿಗ್ಗೆ ಹತ್ತಕ್ಕೆ ಇಂಟರ್‌ವ್ಯೂ. ಪ್ಯಾಸೆಂಜರು ಹಿಡಿದರೆ ತಡ. ಏನು ಮಾಡಬೇಕು? ಎರಡು ನಿಮಿಷ ಮೌನ. ಆಮೇಲೆ ಹಿಂದಿನ ಬೆಂಚಿನಿಂದ, ವರ್ಷವೆಲ್ಲ ಬಾಯಿ ಬಿಡದ ಕೊಬ್ಬರಿ ಮಂಡಿಯವರ ಹುಡುಗ ಎದ್ದ: ‘ಮಿಸ್, ಗೋ ಬಸ್ ತುಮಕೂರ್. ದೆನ್ ಕ್ಯಾಚ್ ಎಕ್ಸ್‌ಪ್ರೆಸ್.’ ಇನ್ನೊಬ್ಬ ತಕ್ಷಣ: ‘ನೋ ಮಿಸ್! ಬಸ್ ಲೇಟ್, ಟ್ರೈನ್ ಗಾನ್!’ ಕ್ಲಾಸು ಹೊತ್ತಿಕೊಂಡಿತು. ಗಲಾಟೆಗೆ ಹೆಡ್‌ಮಾಸ್ಟರು ಬಾಗಿಲಿಗೆ ಬಂದು ಬೋರ್ಡು ನೋಡಿ, ‘ಏನಮ್ಮಾ, ಪೋರ್ಷನ್ ಮುಗೀತಾ?’ ಅಂದರು. ಮುಗಿದಿರಲಿಲ್ಲ. ಎಸ್ಸೆಸ್ಸೆಲ್ಸಿ ಪತ್ರಿಕೆಯಲ್ಲಿ ರೈಲು ಬರುವುದಿಲ್ಲ, ‘ಡೂ ಆ್ಯಸ್ ಡೈರೆಕ್ಟೆಡ್’ ಬರುತ್ತದೆ. ಒಂದು ತಿಂಗಳು ಜಗ್ಗಾಡಿ ನಾನು ಕೆಂಪು ರಟ್ಟಿಗೇ ವಾಪಸಾದೆ. ಆ ಹುಡುಗ ಮತ್ತೆ ಎದ್ದು ನಿಲ್ಲಲಿಲ್ಲ.

ಪ್ರಭು ಅವರ ಪ್ರಯೋಗವನ್ನು ಬೆರೆಟಾ, ಡೇವಿಸ್ ಅನ್ನುವ ಇಬ್ಬರು ಮಾಮೂಲಿ ಪಾಠದ ಕ್ಲಾಸುಗಳ ಜತೆ ಹೋಲಿಸಿ ಅಳೆದು 1985ರಲ್ಲಿ ಬರೆದರು. ಬಹುಮಟ್ಟಿಗೆ ಆಯಾ ಕ್ಲಾಸಿನವರು ತಮ್ಮ ತಮ್ಮ ಬಗೆಯ ಪರೀಕ್ಷೆಯಲ್ಲಿ ಮುಂದು. ಎರಡೂ ಬಗೆಗೆ ಹೊರಗಿನದಾದ ಪರೀಕ್ಷೆಗಳಲ್ಲಿ ಪ್ರಯೋಗದ ಮಕ್ಕಳು ಮುಂದು. ಆದರೆ ಪ್ರಯೋಗದಲ್ಲಿ ಕಲಿಸಿದವರಲ್ಲಿ ಹೆಚ್ಚಿನವರು ಒಳ್ಳೆಯ ತಯಾರಿ ಇದ್ದವರು, 186 ನೋಟ್‌ಬುಕ್ಕಿನವರಲ್ಲ ಅನ್ನುವ ಆಕ್ಷೇಪವೂ ಇತ್ತು. ನ್ಯಾಯವಾದದ್ದೇ.

‘ಪ್ಯಾಸೇಜ್ ಓದಿ ಉತ್ತರಿಸಿ’ ಅನ್ನುವುದಾದರೂ ಓದಿಸುತ್ತಲ್ಲ ಅಂತ ಕೇಳುವವರಿಗೆ ನಾನು ಒಂದು ಆಟ ತೋರಿಸುತ್ತೇನೆ. ‘ಬೊಗ್ಗನು ಚಿಲ್ಲಿಯನ್ನು ಮಟ್ಟಿದನು.’ ಬೊಗ್ಗನು ಏನನ್ನು ಮಟ್ಟಿದನು? ಚಿಲ್ಲಿಯನ್ನು. ಚಿಲ್ಲಿಯನ್ನು ಮಟ್ಟಿದವರು ಯಾರು? ಬೊಗ್ಗನು. ಎರಡಕ್ಕೆ ಎರಡು ಮಾರ್ಕು. ಪ್ರಶ್ನೆಯಲ್ಲಿರುವ ಶಬ್ದ ಪ್ಯಾಸೇಜಿನಲ್ಲಿ ಎಲ್ಲಿದೆ ಅಂತ ಹುಡುಕಿ ಆ ಸಾಲನ್ನು ಇಳಿಸುವುದನ್ನು ನಾನೇ ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ಮೂವತ್ತೈದು ಬಂದು ಪಾಸಾಗಬೇಕಿತ್ತಲ್ಲ.

ಅಣ್ಣನಿಗೆ ಮಾತ್ರ ಹಾಗೆ ಸಾಲು ಇಳಿಸಿ ಪಾರಾಗುವ ದಾರಿ ಇರಲಿಲ್ಲ. ಅವರು ಹೋಬಳಿ ಊರಿನ ಪೋಸ್ಟ್ ಮಾಸ್ಟರು. ಆಗ ‘ತಂತಿ ಬಂತು’ ಅಂದರೆ ಬೀದಿಯೇ ಒಲೆ ಆರಿಸಿ ಹೊರಗೆ ಬರುತ್ತಿತ್ತು. ಇಂಗ್ಲಿಷಿನ ಆ ನಾಲ್ಕು ಪದ ಓದಿ ಕನ್ನಡದಲ್ಲಿ ಹೇಳಬೇಕಾದವರು ಅಣ್ಣ. ತಂತಿಯಲ್ಲಿ ಪದಕ್ಕೆ ಇಷ್ಟು ಅಂತ ಕಾಸು. ಹಾಗಾಗಿ ಆರ್ಟಿಕಲ್ ಇಲ್ಲ, ಪ್ರಿಪೊಸಿಷನ್ ಇಲ್ಲ, ಎಷ್ಟೋ ಸಲ ವರ್ಬೂ ಇಲ್ಲ. ನೆಸ್‌ಫೀಲ್ಡ್ ಕೊಟ್ಟ ಚಿಮಟ ಹಿಡಿಯಲು ಅಲ್ಲಿ ಏನೂ ಸಿಗುತ್ತಿರಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷ ಒಂದು ಮನೆಗೆ ತಂತಿ ಬಂತು: ‘ಮದರ್ ಎಕ್ಸ್‌ಪೈರ್ಡ್’. ಅಣ್ಣನ ತಲೆಯಲ್ಲಿ ಇದ್ದದ್ದು ‘ಎಕ್ಸ್‌ಪೆಕ್ಟೆಡ್’. ‘ನಿಮ್ಮಮ್ಮ ಬರ್ತಾರಂತೆ ಕಣಮ್ಮ’ ಅಂದುಬಿಟ್ಟರು. ಆ ಹೆಂಗಸು ಅಂಗಳ ಸಾರಿಸಿ, ಹೂರಣ ರುಬ್ಬಿ, ಸಾಯಂಕಾಲದ ಬಸ್ಸಿಗೆ ಮಕ್ಕಳನ್ನು ಕಳಿಸಿದಳು. ಬಸ್ಸಿನಿಂದ ಇಳಿದವನು ಅವಳ ಅಣ್ಣನ ಮಗ, ತಲೆ ಬೋಳಿಸಿಕೊಂಡಿದ್ದ.

ಈ ಸಂಗತಿಯನ್ನು ಅಣ್ಣ ನಮಗೆ ಹೇಳಿದ್ದು ಒಂದೇ ಸಲ. ಅವತ್ತಿನಿಂದ ತಂತಿ ಬಂದರೆ, ಗೊತ್ತಿದ್ದ ಪದವಾದರೂ ಜೀಗ್ಲರ್ ತೆಗೆದು ನೋಡಿಯೇ ಮನೆಯಿಂದ ಹೊರಡುತ್ತಿದ್ದರು. ದೇಶದಲ್ಲಿ ತಂತಿ ಸೇವೆ ನಿಂತದ್ದು 2013ರ ಜುಲೈಯಲ್ಲಿ. ಆ ವಾರ ನಾನು ಆ ನಿಘಂಟನ್ನು ಕೆಳಗಿಳಿಸಿ ಇ ಅಕ್ಷರದ ಪುಟಗಳನ್ನು ತಿರುವಿದೆ. ಸೀರೆಯಂಚು ಕೈಯಲ್ಲೇ ಪುಡಿಯಾಯಿತು. ಎಕ್ಸ್‌ಪೆಕ್ಟ್ ಒಂದು ಕಡೆ, ಸ್ವಲ್ಪ ಮುಂದೆ ಎಕ್ಸ್‌ಪೈರ್. ಎರಡರ ಪಕ್ಕದಲ್ಲೂ ಪೆನ್ಸಿಲ್ ಗೀಟು, ಕಾಗದ ತೂತಾಗುವಷ್ಟು ಒತ್ತಿ ಎಳೆದದ್ದು.